ಯಾಕುಶಿಮಾಕ್ಕೆ ಒಬ್ಬರೇ ಹೊರಟವರಿಗೆ: ಮಳೆ, ಬಸ್ಸು, ಬುತ್ತಿ

ಜಪಾನಿನ ದಕ್ಷಿಣ ಭಾಗದ ಯಾಕುಶಿಮಾ ದ್ವೀಪಕ್ಕೆ ಹೋಗುವವರು ಸಾಮಾನ್ಯವಾಗಿ ಒಂದೇ ಮರದ ಹೆಸರು ಹಿಡಿದು ಹೊರಡುತ್ತಾರೆ: ಜೋಮೊನ್ ಸುಗಿ (ಸುಗಿ ಎಂದರೆ ಜಪಾನಿನ ದೇವದಾರು). ಅದರ ವಯಸ್ಸಿನ ಅಂದಾಜು 2,170 ವರ್ಷದಿಂದ 7,200 ವರ್ಷದವರೆಗೂ ಇದೆ. ಆ ಮರ ನೋಡಲು ನಸುಕಿಗೆ ಮೊದಲೇ ಎದ್ದು, ಹೋಗಿ ಬರುವುದಕ್ಕೆ 22 ಕಿ.ಮೀ. ನಡೆದು, ಕೊನೆಗೆ ದೂರದ ಅಟ್ಟಣೆಯ ಮೇಲೆ ನಿಂತು ನೋಡಿ, ಹಿಂದೆ ಕಾಯುತ್ತಿರುವವರಿಗೆ ಜಾಗ ಬಿಟ್ಟು ಇಳಿಯಬೇಕು. ಬೇರಿನ ಮೇಲಿನ ಮಣ್ಣು ಜನರ ಕಾಲ್ತುಳಿತಕ್ಕೆ ಸವೆಯಬಾರದೆಂದು ಹತ್ತಿರ ಬಿಡುವುದಿಲ್ಲ. ಅದು ಸರಿಯೇ. ಆದರೆ ನಿಮ್ಮ ಕೈಯಲ್ಲಿ ಎರಡೇ ಹಗಲು ಇದ್ದರೆ ಅದರಲ್ಲೊಂದನ್ನು ಇಡಿಯಾಗಿ ಇದಕ್ಕೆ ಕೊಡಬೇಡಿ. ಕಾಡು ನೋಡುವ ಆಸೆಯಿದ್ದರೆ ಶಿರಾತಾನಿ ಉನ್ಸುಯ್‌ಕ್ಯೋ ಕಣಿವೆ ಮತ್ತು ಯಾಕುಸುಗಿ ಲ್ಯಾಂಡ್ ಎರಡೂ ಅದಕ್ಕಿಂತ ಹೆಚ್ಚು ಕೊಡುತ್ತವೆ, ಅದೂ ಅರ್ಧ ದಣಿವಿನಲ್ಲಿ.

ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಫ್ಲೈಬಸ್, ಅಲ್ಲಿಂದ ಟೋಕಿಯೊ, ಅಲ್ಲಿಂದ ದ್ವೀಪದ ಹಡಗು ಹೊರಡುವ ಕಾಗೊಶಿಮಾ ನಗರ. ಅಲ್ಲಿಯವರೆಗಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ಕಾಗೊಶಿಮಾದ ನಂತರ ಮಾತ್ರ ಗಮನವಿರಲಿ. ದ್ವೀಪದಲ್ಲಿ ಪ್ರಯಾಣಿಕರ ರೈಲಿಲ್ಲ, ಹಾಗಾಗಿ ಜಪಾನ್ ರೈಲಿನ ಜೆಆರ್ ಪಾಸ್ ಹಡಗಿಗೂ ಆಗದು, ದ್ವೀಪದ ಬಸ್ಸಿಗೂ ಆಗದು. ಹೋಗಲು ಮೂರು ಬಗೆಯ ಹಡಗುಗಳಿವೆ. ವೇಗದ ಜೆಟ್‌ಫಾಯಿಲ್ ಎರಡರಿಂದ ಮೂರು ಗಂಟೆಯಲ್ಲಿ ಮುಟ್ಟಿಸುತ್ತದೆ. ಸೀಟ್‌ಬೆಲ್ಟ್ ಹಾಕಿಕೊಂಡೇ ಕೂರಬೇಕು, ಹೊರಗೆ ನಿಂತು ಸಮುದ್ರ ನೋಡುವಂತಿಲ್ಲ. ಬೆಳಗಿನ ದೊಡ್ಡ ಫೆರಿ ಸುಮಾರು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ, ದರ ಕಡಿಮೆ, ಡೆಕ್ ಮೇಲೆ ಓಡಾಡಬಹುದು. ಮೂರನೆಯದು ಸಂಜೆ ಹೊರಟು, ಪಕ್ಕದ ತಾನೆಗಶಿಮಾ ದ್ವೀಪದಲ್ಲಿ ರಾತ್ರಿ ತಂಗಿ, ಬೆಳಗ್ಗೆ ಏಳರ ಸುಮಾರಿಗೆ ತಲುಪುವ ಸರಕು ಫೆರಿ. ಎಲ್ಲಕ್ಕಿಂತ ಅಗ್ಗ, ನೆಲದ ಮೇಲೆ ಮಲಗುವುದು, ಒಂದು ರಾತ್ರಿಯ ರೂಮಿನ ಬಾಡಿಗೆಯೂ ಉಳಿಯುತ್ತದೆ. ನೆಲದ ಮೇಲೆ ನಿದ್ದೆ ಬರುವವರು ಇದನ್ನೇ ಹಿಡಿಯಿರಿ. ಆದರೆ ಅದು ಹೊರಡುವ ಬಂದರು ಬೇರೆ, ತಾನಿಯಾಮಾ; ಜೆಟ್‌ಫಾಯಿಲ್ ನಿಲ್ಲುವ ಕಟ್ಟೆಗೆ ಹೋಗಿ ನಿಂತರೆ ಅದು ಸಿಗುವುದಿಲ್ಲ.

ದ್ವೀಪದಲ್ಲಿ ಎರಡು ಬಂದರು: ಉತ್ತರಕ್ಕೆ ಮಿಯಾನೌರಾ, ಪೂರ್ವಕ್ಕೆ ಅನ್ಬೋ. ಜೆಟ್‌ಫಾಯಿಲ್ ಸಮಯಕ್ಕೊಂದು ಬಂದರಿಗೆ ಹೋಗುತ್ತದೆ. ಟಿಕೆಟ್‌ನಲ್ಲಿ ಯಾವ ಬಂದರು ಎಂದು ನೋಡದೆ ರೂಮ್ ಹಿಡಿದರೆ, ಇಳಿದ ಮೇಲೆ ಮೈಸೂರಿನಿಂದ ಪಾಂಡವಪುರಕ್ಕೆ ಹೋಗುವಷ್ಟು ದೂರ ಬಸ್ಸಿನಲ್ಲಿ ಹೋಗಬೇಕು, ಆ ಬಸ್ಸೋ ಗಂಟೆಗೊಂದು. ಬಸ್ಸಿಗೆ ಹತ್ತುವಾಗ ಯಂತ್ರದಿಂದ ನಂಬರಿನ ಚೀಟಿ ಎಳೆದುಕೊಳ್ಳಬೇಕು. ಮುಂದಿನ ಫಲಕದಲ್ಲಿ ಆ ನಂಬರಿನ ಕೆಳಗೆ ದರ ಏರುತ್ತಾ ಹೋಗುತ್ತದೆ. ಇಳಿಯುವಾಗ ಡ್ರೈವರ್ ಪಕ್ಕದ ಡಬ್ಬಿಗೆ ಸರಿಯಾದ ಚಿಲ್ಲರೆ ಹಾಕಬೇಕು. ಸಾವಿರ ಯೆನ್ ನೋಟನ್ನು ಅಲ್ಲೇ ಮುರಿಸಬಹುದು, ಹತ್ತು ಸಾವಿರದ್ದು ಆಗುವುದಿಲ್ಲ. ಊಟದ ಮನೆಗಳಲ್ಲೂ ನಗದೇ ಹೆಚ್ಚು ನಡೆಯುವುದು. ಹೊರದೇಶದ ಕಾರ್ಡಿಗೆ ಹಣ ಕೊಡುವುದು ಅಂಚೆ ಕಚೇರಿಯ ಎಟಿಎಂ, ಅದು ರಾತ್ರಿಯೆಲ್ಲ ತೆರೆದಿರುವುದಿಲ್ಲ. ಕಾಗೊಶಿಮಾದಲ್ಲೇ ಬೇಕಾದಷ್ಟು ತೆಗೆದಿಟ್ಟುಕೊಳ್ಳಿ.

ರೂಮಿನ ವಿಷಯದಲ್ಲಿ ಒಬ್ಬರೇ ಹೋಗುವವರಿಗೆ ಒಂದು ಏಟು ಬೀಳುತ್ತದೆ. ಅನೇಕ ಕಡೆ ದರ ಇಬ್ಬರ ಲೆಕ್ಕದಲ್ಲಿ ಇರುತ್ತದೆ. ಒಬ್ಬರೇ ಇದ್ದರೆ ಹೆಚ್ಚುವರಿ ಹಾಕುತ್ತಾರೆ. ಬಂದರಿನ ಪಕ್ಕದ ಒಂದು ವಸತಿಮನೆಯಲ್ಲಿ ರಾತ್ರಿಯ ಊಟ ಸೇರಿಸಿ ಹನ್ನೆರಡು ಸಾವಿರ ಯೆನ್ ಹಿಡಿದರು. ಊಟದ ಹೊತ್ತು ಸಂಜೆ ಆರೂವರೆ, ಒಂದು ನಿಮಿಷ ಆಚೀಚೆ ಇಲ್ಲ. ಜೋಮೊನ್ ಸುಗಿ ದಾರಿಯಿಂದ ಕೊನೆಯ ಬಸ್ಸು ಹಿಡಿದು ಬಂದವರಿಗೆ ಆ ಊಟ ತಪ್ಪಿದ್ದೇ. ದುಡ್ಡು ವಾಪಸ್ಸಿಲ್ಲ, ತಟ್ಟೆ ಎತ್ತಿಟ್ಟುಕೊಡುವ ಪದ್ಧತಿಯೂ ಇಲ್ಲ. ಬೆಳಗಿನ ತಿಂಡಿ ಏಳಕ್ಕೆ, ಆದರೆ ಕಾಡಿಗೆ ಹೋಗುವವರು ನಾಲ್ಕಕ್ಕೇ ಹೊರಟಿರುತ್ತಾರೆ, ಅದೂ ನಷ್ಟ. ಆದ್ದರಿಂದ ಊಟವಿಲ್ಲದ ದರದ, ಅಡುಗೆಮನೆ ಹಂಚಿಕೊಳ್ಳುವ ಗೆಸ್ಟ್‌ಹೌಸ್ ಹಿಡಿಯಿರಿ. ಅಲ್ಲಿ ಮೈಕ್ರೊವೇವ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮಳೆಯ ಮಾತು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿ.ಮೀ. ಈ ದ್ವೀಪದ ಕರಾವಳಿಯಲ್ಲೇ 4,000 ಮೀರುತ್ತದೆ, ಬೆಟ್ಟದ ಒಳಗೆ 8,000ಕ್ಕೂ ಹೆಚ್ಚು. 1,936 ಮೀಟರ್ ಎತ್ತರದ ಮಿಯಾನೌರಾ ಶಿಖರ ಸಮುದ್ರದ ಹಸಿ ಗಾಳಿಯನ್ನು ನೇರ ಮೇಲಕ್ಕೆ ನೂಕುವುದರಿಂದ ಊರಲ್ಲಿ ಬಿಸಿಲಿದ್ದಾಗಲೂ ಮೇಲೆ ಸುರಿಯುತ್ತಿರುತ್ತದೆ. ಇಲ್ಲಿ ಸ್ಕೂಟರಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ರೇನ್‌ಕೋಟ್ ಅಲ್ಲಿ ಪ್ರಯೋಜನವಿಲ್ಲ. ಹತ್ತುವಾಗ ಒಳಗಿನ ಬೆವರಿಗೇ ತೊಯ್ದು, ನಿಂತ ತಕ್ಷಣ ನಡುಕ ಹುಟ್ಟುತ್ತದೆ. ಬೆವರು ಹೊರಬಿಡುವ ಬಟ್ಟೆಯ, ಅಂಗಿ ಪ್ಯಾಂಟು ಎರಡೂ ಇರುವ ಮಳೆಜೋಡಿ ಬೇಕು. ಕೊಳ್ಳಬೇಕಿಲ್ಲ. ಮಿಯಾನೌರಾ, ಅನ್ಬೋ ಎರಡೂ ಕಡೆ ಮಳೆಜೋಡಿ, ಬೂಟು, ಹೆಡ್‌ಲ್ಯಾಂಪ್, ಚೀಲದ ಹೊದಿಕೆ ಬಾಡಿಗೆಗೆ ಸಿಗುತ್ತವೆ. ಹಿಂದಿನ ಸಂಜೆಯೇ ತೆಗೆದುಕೊಂಡು, ಬೂಟು ಹಾಕಿ ಹತ್ತು ನಿಮಿಷ ಓಡಾಡಿ ನೋಡಿ. ಜೀನ್ಸ್ ಬೇಡ, ಹತ್ತಿ ಬನಿಯನ್ ಬೇಡ. ಕಾಲುದಾರಿಯಲ್ಲಿ ಛತ್ರಿ ಬೇಡವೇ ಬೇಡ.

ಇನ್ನು ಕಾಡು. ಶಿರಾತಾನಿಗೆ ಮಿಯಾನೌರಾದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಚಿಲ್ಲರೆ. ಬಾಗಿಲಲ್ಲಿ 500 ಯೆನ್ ಕಾಣಿಕೆ ಕೊಡಬೇಕು. ಒಂದು ಗಂಟೆಯ ಸುತ್ತು ಇದೆ, ಮೂರು ಗಂಟೆಯದಿದೆ, ತೈಕೊ ಬಂಡೆಯವರೆಗೆ ಹೋಗಿ ಬರಲು ನಾಲ್ಕು ಗಂಟೆ. ಮೊದಲ ಬಸ್ಸಿಗೇ ಹೋದರೆ ಗುಂಪುಗಳು ಬರುವ ಮುಂಚೆ ಪಾಚಿಯ ಭಾಗ ದಾಟಬಹುದು. ಹತ್ತು ಗಂಟೆಯ ಮೇಲೆ ಗೈಡ್‌ಗಳ ಹಿಂದೆ ಸಾಲುಗಟ್ಟಿ ನಡೆಯಬೇಕಾಗುತ್ತದೆ. ಜೋರು ಮಳೆ ಬಿದ್ದ ಮರುದಿನ ಹಳ್ಳ ದಾಟುವ ಜಾಗಗಳನ್ನು ಮುಚ್ಚುತ್ತಾರೆ, ಕೌಂಟರಿನಲ್ಲಿ ಕೇಳಿಯೇ ಒಳಗೆ ಹೋಗಿ. ಮುಚ್ಚಿದ್ದರೆ ದಾಟುವ ಸಾಹಸ ಬೇಡ. ಅಲ್ಲಿ ನೀರು ಗಳಿಗೆಯೊಳಗೆ ಏರುತ್ತದೆ.

ಯಾಕುಸುಗಿ ಲ್ಯಾಂಡ್ ಎಂಬ ಹೆಸರು ಕೇಳಿ ಮಕ್ಕಳ ಆಟದ ಪಾರ್ಕ್ ಎಂದುಕೊಂಡು ಬಿಟ್ಟುಹೋಗುವವರೇ ಬಹಳ. ಅದು 1,000 ಮೀಟರಿಗೂ ಮೇಲಿರುವ ನಿಜವಾದ ಹಳೆಗಾಡು. ಅರ್ಧ ಗಂಟೆ ಮತ್ತು ಐವತ್ತು ನಿಮಿಷದ ಸುತ್ತುಗಳಲ್ಲಿ ಹಲಗೆಯ ದಾರಿಯಿದೆ, ಮಂಡಿ ನೋವಿನವರೂ ನಡೆಯಬಹುದು. ಒಬ್ಬರೇ ಇರುವವರು ಎಂಬತ್ತು ನಿಮಿಷದ ಸುತ್ತು ಹಿಡಿಯಿರಿ, ಅಲ್ಲಿ ಜನ ವಿರಳ. ಅನ್ಬೋದಿಂದ ದಿನಕ್ಕೆ ಎರಡೇ ಬಸ್ಸು. ಆ ಬಸ್ಸು ಇನ್ನೂ ಮೇಲೆ ಹೋಗಿ ಕಿಗೆನ್ ಸುಗಿ ಎಂಬ, ಮೂರು ಸಾವಿರ ವರ್ಷದ್ದೆನ್ನುವ ಮರದ ಬಳಿ ನಿಲ್ಲುತ್ತದೆ. ಮರ ರಸ್ತೆಯ ಪಕ್ಕದಲ್ಲೇ ಇದೆ, ಹತ್ತುವ ಕೆಲಸವೇ ಇಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದೊಂದನ್ನು ತಪ್ಪಿಸಬೇಡಿ.

ಅಲ್ಲಿ ಸಾವಿರ ವರ್ಷ ದಾಟಿದ ಸುಗಿಗೆ ಮಾತ್ರ ಯಾಕುಸುಗಿ ಎನ್ನುತ್ತಾರೆ, ಅದಕ್ಕಿಂತ ಎಳೆಯದು ಬರೀ ಕೊಸುಗಿ. ಗ್ರಾನೈಟ್ ನೆಲದಲ್ಲಿ ಸಾರ ಕಡಿಮೆ, ಹಾಗಾಗಿ ಮರ ನಿಧಾನ ಬೆಳೆದು ಉಂಗುರಗಳು ಒತ್ತೊತ್ತಾಗಿ, ರಾಳ ತುಂಬಿಕೊಂಡು, ಕೊಳೆಯದೆ ಉಳಿಯುತ್ತದೆ. ಎಡೊ ಕಾಲದಲ್ಲಿ (1603–1868) ಇಲ್ಲಿನವರು ಭತ್ತದ ಬದಲು ಚಾವಣಿಯ ಹಲಗೆ ಸೀಳಿ ಕಂದಾಯ ಕಟ್ಟುತ್ತಿದ್ದರು. ಹಲಗೆಗೆ ಬೇಕಾದದ್ದು ನೆಟ್ಟಗಿನ ಮರ. ತಿರುಚಿದ, ಗಂಟುಗಂಟಾದ ಮರಗಳನ್ನು ಕೈಬಿಟ್ಟರು. ಇಂದು ಜನ ಸಾಲುಗಟ್ಟಿ ನೋಡುವ ಮುದಿಮರಗಳು ಬಹುಪಾಲು ಹೀಗೆ ಕೊಡಲಿ ಬಿಟ್ಟವು. ಇದು ಗೊತ್ತಿದ್ದು ನಡೆದರೆ ದಾರಿಯ ಬದಿಯ ಬುಡಗಳೂ ಕಾಣತೊಡಗುತ್ತವೆ. ಒಂದೊಂದರ ಹತ್ತಿರ ಬಗ್ಗಿ ನೋಡಿ: ಎದೆಮಟ್ಟದಲ್ಲಿ ಕಡಿದ ಬುಡ, ಮೇಲೆ ಅಂಗೈ ದಪ್ಪದ ಪಾಚಿ, ಆ ಪಾಚಿಯಲ್ಲಿ ಬೇರೂರಿದ ಎರಡನೇ ತಲೆಮಾರಿನ ಸುಗಿ, ಅದರ ಬೇರು ಹಳೆ ಬುಡವನ್ನು ಸುತ್ತಿ ನೆಲ ಮುಟ್ಟಿರುತ್ತದೆ. ಪಾಚಿ ಮುಟ್ಟಬೇಡಿ, ನಿಮ್ಮ ಬೆರಳಿನ ಗುರುತು ಬಹಳ ಕಾಲ ಹಾಗೇ ಉಳಿಯುತ್ತದೆ.

ಇಷ್ಟಾದ ಮೇಲೂ ಜೋಮೊನ್ ಸುಗಿ ನೋಡಲೇಬೇಕೆನ್ನುವವರು ಅನ್ಬೋದಲ್ಲಿ ಉಳಿಯಿರಿ, ಮಿಯಾನೌರಾದಲ್ಲಿ ಬೇಡ. ಮಾರ್ಚಿಯಿಂದ ನವೆಂಬರ್‌ವರೆಗೆ ಅರಕಾವಾ ಕಾಲುದಾರಿಯ ಬಾಗಿಲಿಗೆ ಸ್ವಂತ ವಾಹನ ಬಿಡುವುದಿಲ್ಲ. ಯಾಕುಸುಗಿ ವಸ್ತುಸಂಗ್ರಹಾಲಯದ ಮುಂದಿನಿಂದ ಬೆಳಗ್ಗೆ ಐದು ಆರರ ನಡುವೆ ಹೊರಡುವ ಬಸ್ಸೇ ಗತಿ. ಅದರ ಟಿಕೆಟ್ ಹಿಂದಿನ ದಿನವೇ ಕೊಂಡಿರಬೇಕು. ಜೊತೆಗೆ ಬೆಟ್ಟದ ಸಂರಕ್ಷಣೆಗೆ ಸಾವಿರ ಯೆನ್ ಕಾಣಿಕೆ. ಮೊದಲ 8 ಕಿ.ಮೀ. ಹಳೆಯ ರೈಲುಹಳಿ, 1923ರಲ್ಲಿ ಮರ ಸಾಗಿಸಲು ಹಾಕಿದ್ದು. ಹಳಿಯ ದಾರಿ ಮುಗಿದಲ್ಲಿ ಶೌಚಾಲಯವಿದೆ, ಅಲ್ಲಿಂದ ಮುಂದೆ ಇಲ್ಲ. ಬಾಡಿಗೆ ಅಂಗಡಿಯಲ್ಲಿ ಸಿಗುವ ಶೌಚದ ಚೀಲ ಒಂದನ್ನು ಇಟ್ಟುಕೊಳ್ಳಿ, ಬಳಸಿದ್ದನ್ನು ಹೊತ್ತು ತರಬೇಕು. ಬೆಳಗ್ಗೆ ಹತ್ತರೊಳಗೆ ಹಳಿ ಮುಗಿಸಿರಬೇಕು, ಮಧ್ಯಾಹ್ನ ಒಂದರೊಳಗೆ ಮರದಿಂದ ಹಿಂದಿರುಗಿರಬೇಕು. ಈ ಎರಡು ಹೊತ್ತು ಮೀರಿದರೆ ಮರ ಕಾಣದಿದ್ದರೂ ತಿರುಗಿ ಬನ್ನಿ, ಸಂಜೆಯ ಕೊನೆಯ ಬಸ್ಸು ನಿಮಗಾಗಿ ಕಾಯುವುದಿಲ್ಲ. ಚಾಮುಂಡಿ ಬೆಟ್ಟದ 1,008 ಮೆಟ್ಟಿಲು ಒಂದು ಸಲ ಹತ್ತಿದ್ದು ಇದಕ್ಕೆ ಅಭ್ಯಾಸವಲ್ಲ. ಐದು ಕೆ.ಜಿ. ಚೀಲ ಹೊತ್ತು ಹತ್ತಿ, ಇಳಿದು, ಮತ್ತೆ ಹತ್ತಿ. ಕಾಲು ಸೋಲುವುದು ಹತ್ತುವಾಗಲ್ಲ, ವಾಪಸ್ಸು ಬರುವಾಗ ಹಳಿಯ ಹಲಗೆಗಳ ಮೇಲೆ. ದಾರಿಯಲ್ಲಿ ವಿಲ್ಸನ್ ಬುಡ ಸಿಗುತ್ತದೆ. ಟೊಳ್ಳಿನ ಒಳಗೆ ಒಂದು ಮೂಲೆಯಿಂದ ಮೇಲೆ ನೋಡಿದರೆ ಹೃದಯದಾಕಾರ ಕಾಣುತ್ತದೆಂದು ಫೋಟೊಕ್ಕೆ ಸಾಲು ನಿಲ್ಲುತ್ತಾರೆ; ಹೋಗುವಾಗ ನಿಲ್ಲಬೇಡಿ, ಬರುವಾಗ ಸಾಲು ಚಿಕ್ಕದು. ಒಬ್ಬರೇ ಹೋಗುವವರು ಬೆಟ್ಟ ಹತ್ತುವ ನೋಂದಣಿ ಚೀಟಿ ತುಂಬದೆ ಹೊರಡಲೇಬಾರದು. ಬಹುದೂರ ಮೊಬೈಲ್ ಸಿಗ್ನಲ್ ಇಲ್ಲ.

ಊಟ. ದ್ವೀಪದ ಹೆಸರಾಂತ ಪದಾರ್ಥ ಹಾರುಮೀನು, ಅಲ್ಲಿಯ ಮಾತಿನಲ್ಲಿ ತೊಬಿಉವೊ. ಅನ್ಬೋದ ಸಣ್ಣ ಊಟದ ಮನೆಗಳಲ್ಲಿ ಸಾವಿರದಿಂದ ಸಾವಿರದೈನೂರು ಯೆನ್‌ಗೆ ಇಡೀ ಮೀನು ಕರಿದ ಊಟ ಸಿಗುತ್ತದೆ. ಒಬ್ಬರಿಗೆ ಕೌಂಟರಿನ ಮುಂದೆ ಜಾಗ ಕೊಡುತ್ತಾರೆ, ಅದೇ ಒಳ್ಳೆಯದು, ಬಾಣಲೆ ಎದುರಿಗೇ ಇರುತ್ತದೆ. ರೆಕ್ಕೆ ಎರಡೂ ಬಿಚ್ಚಿದ ಹಾಗೇ ತಟ್ಟೆಗೆ ಬರುತ್ತದೆ. ಮೊದಲು ರೆಕ್ಕೆ ಮುರಿದು ತಿನ್ನಿ, ತಣ್ಣಗಾದರೆ ಗರಿಗರಿ ಹೋಗುತ್ತದೆ. ಆಮೇಲೆ ಬೆನ್ನಿನ ಬಿಳಿ ಮಾಂಸ, ಅದಕ್ಕೆ ಉಪ್ಪು ಮತ್ತು ಹುಳಿ ಹಣ್ಣಿನ ರಸ ಸಾಕು, ಸಾಸ್ ಬೇಡ. ಎಣ್ಣೆ ಜಿಡ್ಡಿಲ್ಲ, ವಾಸನೆಯಿಲ್ಲ. ಮುದ್ದೆ ಬಸ್ಸಾರು ಉಂಡು ಬೆಳೆದ ಮಂಡ್ಯದವರಿಗೆ ಒಂದು ಬಟ್ಟಲು ಅನ್ನ ಎಲ್ಲೂ ಸಾಲದು. "ಒಕವಾರಿ" ಎಂದು ಬಟ್ಟಲು ಚಾಚಿದರೆ ಅನೇಕ ಕಡೆ ಮತ್ತೆ ಬಡಿಸುತ್ತಾರೆ. ದುಬಾರಿ ವಸತಿಗಳ ಹತ್ತು ಬಟ್ಟಲಿನ ಊಟಕ್ಕಿಂತ ಇದು ನೂರು ಪಾಲು ಮೇಲು. ಹಿಡಿದ ಕೂಡಲೇ ಕತ್ತು ಮುರಿದು ರಕ್ತ ಬಸಿದ ಸಬಾ ಮೀನನ್ನು ಹಸಿಯಾಗಿ ಕೊಡುತ್ತಾರೆ, ಹಸಿ ಮೀನು ಅಭ್ಯಾಸವಿದ್ದವರು ನೋಡಬಹುದು. ಮಧ್ಯಾಹ್ನ ಎರಡಕ್ಕೆ ಒಲೆ ಆರುತ್ತದೆ, ಒಂದೂವರೆಯೊಳಗೆ ಕೂತಿರಿ.

ಸಸ್ಯಾಹಾರಿಗಳಿಗೆ ತೊಂದರೆ ಕಾಣುವ ಮೀನಿನದಲ್ಲ, ಕಾಣದ ಮೀನಿನದು. ಮಿಸೊ ಸಾರು, ಸೋಬಾ ನೂಡಲ್ಸಿನ ರಸ, ಬೇಯಿಸಿದ ತರಕಾರಿ ಎಲ್ಲಕ್ಕೂ ಡಾಶಿ ಎಂಬ ಮೀನಿನ ಕಷಾಯವೇ ಬುನಾದಿ. ಮಾಂಸ ಮೀನು ಬೇಡ ಎಂದರೆ ತುಂಡುಗಳನ್ನಷ್ಟೇ ತೆಗೆಯುತ್ತಾರೆ, ಸಾರು ಹಾಗೇ ಇರುತ್ತದೆ. "ಡಾಶಿ ಮೊ ದಾಮೆ" (ಡಾಶಿಯೂ ಆಗದು) ಎಂದು ಸೇರಿಸಿ ಹೇಳಿ, ಬರೆದು ತೋರಿಸಿದರೆ ಇನ್ನೂ ಉತ್ತಮ. ಅದಕ್ಕಿಂತ ಭದ್ರವಾದ ದಾರಿ ಮನೆಯಿಂದ ಒಯ್ಯುವುದು. ಪುಳಿಯೋಗರೆ ಗೊಜ್ಜು ಅರ್ಧ ಕೆ.ಜಿ. ಚೆಕ್‌ಇನ್ ಚೀಲದಲ್ಲಿಡಿ, ಕೈಚೀಲದಲ್ಲಿ 100 ಮಿ.ಲೀ. ಮೀರಿದರೆ ಕಿತ್ತುಕೊಳ್ಳುತ್ತಾರೆ. ಚಟ್ನಿಪುಡಿ, ಹುರಿಗಡಲೆ, ಹುರಿದ ಕಡಲೆಬೀಜ ಸರಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಹಣ್ಣು, ಮಾಂಸದ ಯಾವ ಪದಾರ್ಥವೂ ಜಪಾನಿನ ತಪಾಸಣೆಯಲ್ಲಿ ದಾಟದು. ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ 200 ಗ್ರಾಂ ಬೆಂದ ಅನ್ನದ ಡಬ್ಬಿ ಸಿಗುತ್ತದೆ, ಮೈಕ್ರೊವೇವ್‌ನಲ್ಲಿ ಎರಡು ನಿಮಿಷ. ಜಪಾನಿನ ಅಕ್ಕಿ ಅಂಟು. ಅನ್ನ ಬಿಸಿಯಿರುವಾಗಲೇ ಒಂದು ಚಮಚ ಎಣ್ಣೆ ಹಾಕಿ ಬಿಡಿಸಿ, ಎರಡು ಚಮಚ ಗೊಜ್ಜು ಕಲಸಬೇಕು. ಆರಿದ ಮೇಲೆ ಕಲಸಿದರೆ ಗೊಜ್ಜು ಒಂದು ಕಡೆ, ಉಂಡೆ ಒಂದು ಕಡೆ.

ಕಾಡಿಗೆ ಹೋಗುವವರ ಬುತ್ತಿಯೂ ಹೀಗೇ. ಅನ್ಬೋ, ಮಿಯಾನೌರಾದ ಬೆಂತೊ (ಬುತ್ತಿ) ಅಂಗಡಿಗಳು ನಸುಕಿನಲ್ಲೇ ತೆರೆಯುತ್ತವೆ, ಆದರೆ ಹಿಂದಿನ ಸಂಜೆ ಹೇಳಿರಬೇಕು. ಬೆಳಗಿಗೊಂದು, ಮಧ್ಯಾಹ್ನಕ್ಕೊಂದು ಎಂದು ಎರಡು ಹೇಳಿ. ಸಸ್ಯಾಹಾರಿಗಳು ಬರೀ ಉಪ್ಪಿನ ಅನ್ನದುಂಡೆ, ಒಳಗೆ ಉಮೆಬೊಶಿ ಹುಳಿಕಾಯಿ ಎಂದು ಕೇಳಿ. ಬಂದರಿನ ಅಂಗಡಿಗಳಲ್ಲಿ ಸಿಗುವ ಕಾಕರನ್ ದಾಂಗೊ ಧೈರ್ಯವಾಗಿ ಕೊಳ್ಳಬಹುದು: ಸೊಪ್ಪು ಕಲಸಿದ ಸಿಹಿ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ್ದು, ನಮ್ಮ ಅರಿಶಿನೆಲೆ ಕಡುಬಿನ ಹಾಗೆ ಎಲೆಯ ಪರಿಮಳವೇ ಅದರ ರುಚಿ. ಫೆಬ್ರವರಿ ಮಾರ್ಚಿಯಲ್ಲಿ ಹೋದವರು ತಂಕನ್ ಕಿತ್ತಳೆ ಕೊಳ್ಳಿ. ರಸ್ತೆ ಬದಿಯಲ್ಲಿ ಯಾರೂ ಕೂರದ ಕಟ್ಟೆಗಳಲ್ಲಿ ಚೀಲ ಇಟ್ಟಿರುತ್ತಾರೆ, ದುಡ್ಡು ಡಬ್ಬಿಗೆ ಹಾಕಿ ತೆಗೆದುಕೊಳ್ಳುವುದು.

ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ರಜೆಯಲ್ಲಿ ಹೋಗಬೇಡಿ, ಆ ಜನಸಂದಣಿಯಲ್ಲಿ ಕಾಡು ಕಾಣುವುದಿಲ್ಲ. ಜೂನ್ ಮುಂಗಾರು, ಆಗಸ್ಟ್ ಸೆಪ್ಟೆಂಬರ್ ಚಂಡಮಾರುತ. ಮಾರ್ಚಿ ಕೊನೆ ಅಥವಾ ನವೆಂಬರ್ ಒಳ್ಳೆಯದು. ಯಾವ ತಿಂಗಳಾದರೂ ಕಾಗೊಶಿಮಾದಿಂದ ಮುಂದಿನ ವಿಮಾನಕ್ಕೆ ಒಂದು ಪೂರ್ತಿ ದಿನ ಬಿಟ್ಟು ಟಿಕೆಟ್ ಮಾಡಿ. ಸಮುದ್ರ ಕೆಟ್ಟರೆ ಹಡಗು ನಿಲ್ಲುವುದು ಬೆಳಗ್ಗೆಯೇ ಗೊತ್ತಾಗುವುದು. ರದ್ದಾದ ಹಡಗಿನ ದುಡ್ಡು ಸಿಗುತ್ತದೆ, ತಪ್ಪಿದ ವಿಮಾನದ್ದು ಸಿಗುವುದಿಲ್ಲ. ನಿಂತ ಸುದ್ದಿ ಬಂದ ತಕ್ಷಣ ಮೊದಲು ರೂಮನ್ನು ಇನ್ನೊಂದು ರಾತ್ರಿಗೆ ಹಿಡಿದುಕೊಳ್ಳಿ, ಆಮೇಲೆ ಬಂದರಿಗೆ ಹೋಗಿ ಟಿಕೆಟ್ ಬದಲಿಸಿ.