ರಕ್ತಸಾಕ್ಷಿಗಳ ದಿನ ನೇರಳೆ ವಸ್ತ್ರ: ಸಲೇಸಿಯನ್ ಸಂತರ ಸ್ಮರಣೆ ಹೇಗೆ, ಯಾವಾಗ

ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಯೇ ನವೇನ. ದಾವಣಗೆರೆ, ಚಿತ್ರದುರ್ಗದ ಕಡೆ ನವೇನ ಎಂದರೆ ಎಲ್ಲರ ಮನಸ್ಸಿಗೆ ಮೊದಲು ಬರುವುದು ಹರಿಹರದ ಆರೋಗ್ಯಮಾತೆ. ಆಗಸ್ಟ್ 30ಕ್ಕೆ ಶುರು, ಸೆಪ್ಟೆಂಬರ್ 7ಕ್ಕೆ ಒಂಬತ್ತು ದಿನ ಪೂರ್ತಿ, 8ರಂದು ಹಬ್ಬ. ಸಲೇಸಿಯನ್ ಗುರುಗಳ ಸಭೆಯನ್ನು ಸ್ಥಾಪಿಸಿದ ಸಂತ ಜಾನ್ ಬಾಸ್ಕೊ (ಡಾನ್ ಬಾಸ್ಕೊ) ಅವರ ನವೇನಕ್ಕೂ ಇದೇ ಲೆಕ್ಕ. ಅವರು ತುರಿನ್‌ನಲ್ಲಿ ಪ್ರಾಣಬಿಟ್ಟದ್ದು 1888ರ ಜನವರಿ 31ರಂದು, ಅದೇ ಅವರ ಹಬ್ಬ. ಆದ್ದರಿಂದ ನವೇನ ಜನವರಿ 22ಕ್ಕೆ ಆರಂಭವಾಗಿ 30ಕ್ಕೆ ಮುಗಿಯಬೇಕು. ಹಬ್ಬದ ದಿನವನ್ನೇ ಒಂಬತ್ತನೆಯದೆಂದು ಎಣಿಸಿ 23ಕ್ಕೆ ತೊಡಗಿದರೆ ಪುನೀತ ಲಾರಾ ವಿಕುನ್ಯಳ ದಿನ ಕೈತಪ್ಪುತ್ತದೆ. 1904ರ ಜನವರಿ 22ರಂದು, ಹನ್ನೆರಡರ ವಯಸ್ಸಿನಲ್ಲಿ, ತಾಯಿಯ ಮನಪರಿವರ್ತನೆಗಾಗಿ ತನ್ನ ಜೀವವನ್ನೇ ಒಪ್ಪಿಸಿಕೊಂಡು ತೀರಿಹೋದ ಹುಡುಗಿ ಅವಳು. ಮೂರನೆಯ ದಿನ, 24ಕ್ಕೆ, ಸಂತ ಫ್ರಾನ್ಸಿಸ್ ಡಿ ಸೇಲ್ಸ್. ಸಭೆಗೆ ಸಲೇಸಿಯನ್ ಎಂಬ ಹೆಸರು ಬಂದದ್ದೇ ಅವರಿಂದ. ಐದನೆಯ ದಿನ ಗಣರಾಜ್ಯೋತ್ಸವ. ಬೆಳಿಗ್ಗೆ ಕವಾಯತು ಮಾಡಿ ಬಿಸಿಲಲ್ಲಿ ನಿಂತ ಮಕ್ಕಳು ಸಂಜೆ ಬರಲಾರರು. ಅಂದಿನ ಪ್ರಾರ್ಥನೆಯನ್ನು ಧ್ವಜವಂದನೆ ಮುಗಿದ ಕೂಡಲೇ ಅಲ್ಲೇ ಮುಗಿಸುವುದು ಲೇಸು.

ಹಬ್ಬದ ಹಿಂದಿನ ಸಂಜೆ ಮೆರವಣಿಗೆ ಇಟ್ಟುಕೊಂಡರೆ ಚಿತ್ರದುರ್ಗದಲ್ಲಿ ಗಾಳಿಯದೇ ಚಿಂತೆ. ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿರುವ ಊರಿದು, ಬರೀ ಮೇಣದಬತ್ತಿ ಹತ್ತು ಹೆಜ್ಜೆಯೂ ಉರಿಯದು. ಕಾಗದದ ಲೋಟದ ತಳಕ್ಕೆ ಬತ್ತಿಯ ದಪ್ಪಕ್ಕಿಂತ ಕೊಂಚ ಸಣ್ಣ ತೂತು ಕೊರೆದು, ಬಾಯಿ ಮೇಲಿರುವಂತೆ ಬತ್ತಿಯನ್ನು ಕೆಳಗಿನಿಂದ ತೂರಿಸಬೇಕು. ಜ್ವಾಲೆಯ ತುದಿ ಲೋಟದ ಅಂಚಿಗಿಂತ ಒಂದು ಬೆರಳು ಕೆಳಗಿರಲಿ. ಅದಕ್ಕಿಂತ ಆಳಕ್ಕಿಳಿದರೆ ಕಾಗದ ಸುಡುತ್ತದೆ, ಮೇಲೆ ಬಂದರೆ ಬತ್ತಿ ಆರುತ್ತದೆ. ಮೇಣ ಲೋಟದೊಳಗೇ ನಿಲ್ಲುವುದರಿಂದ ಮಕ್ಕಳ ಕೈಯೂ ಸುಡುವುದಿಲ್ಲ. ಉಳಿದ ಬತ್ತಿಗಳನ್ನು ಎಸೆಯಬೇಡಿ. ಫೆಬ್ರವರಿ 2 ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ. ಅಂದು ಮೇಣದಬತ್ತಿಗಳನ್ನು ಆಶೀರ್ವದಿಸುತ್ತಾರೆ.

ಜನವರಿ 31 ಭಾನುವಾರ ಬಿದ್ದರೆ ಗೊಂದಲ ಏಳುತ್ತದೆ. 2027ರಲ್ಲಿ ಹಾಗೆಯೇ ಬೀಳುತ್ತದೆ. ಇಡೀ ಕಥೋಲಿಕ ಧರ್ಮಸಭೆಯ ಸಾರ್ವತ್ರಿಕ ಪಂಚಾಂಗದಲ್ಲಿ ಡಾನ್ ಬಾಸ್ಕೊ ಅವರದು ಸ್ಮರಣೆ ಎಂಬ ಕೆಳಗಿನ ದರ್ಜೆ ಮಾತ್ರ, ಭಾನುವಾರದ ಎದುರು ಅದು ನಿಲ್ಲುವುದಿಲ್ಲ. ಹಾಗಾಗಿ ಸಾಮಾನ್ಯ ಧರ್ಮಕೇಂದ್ರಗಳಲ್ಲಿ ಅಂದು ಭಾನುವಾರದ್ದೇ ಬಲಿಪೂಜೆ, ಗುರುಗಳಿಗೆ ಹಸಿರು ಪೂಜಾವಸ್ತ್ರ. ಸಲೇಸಿಯನ್ ಮನೆಗಳಲ್ಲಿ ಅವರು ಸಂಸ್ಥಾಪಕರು, ಆ ದಿನ ಮಹೋತ್ಸವ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ. ಸಾಧಾರಣ ಕಾಲದ (ಕ್ರಿಸ್ಮಸ್, ಈಸ್ಟರ್ ಮತ್ತು ಅವುಗಳ ಸಿದ್ಧತೆಯ ದಿನಗಳ ಹೊರಗಿನ ಕಾಲದ) ಭಾನುವಾರವನ್ನೂ ಅದು ಮೀರುತ್ತದೆ: ಬಿಳಿ ವಸ್ತ್ರ, ಮಹಿಮಾಗೀತೆ, ವಿಶ್ವಾಸ ಸಂಗ್ರಹ ಎಲ್ಲ ಇರುತ್ತವೆ. ಚಿತ್ರದುರ್ಗದ ಡಾನ್ ಬಾಸ್ಕೊ ಪ್ರಾರ್ಥನಾಲಯದಲ್ಲಿ ಒಂದು, ಊರಿನ ಚರ್ಚಿನಲ್ಲಿ ಇನ್ನೊಂದು ಕಂಡರೆ ಯಾರೋ ತಪ್ಪಿದ್ದಾರೆಂದು ಭಾವಿಸಬೇಕಿಲ್ಲ. ಮರುದಿನ, ಫೆಬ್ರವರಿ 1ರಂದು, ತೀರಿಹೋದ ಸಲೇಸಿಯನ್ನರೆಲ್ಲರ ಸ್ಮರಣೆ. ಅಂದಿನ ಪೂಜೆಗೆ ಜನ ಕಡಿಮೆ. ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿ ಮಣ್ಣಾದವರನ್ನು ನೆನೆಯುವ ಬೆಳಗು ಅದು. ಹಳೆಯ ವಿದ್ಯಾರ್ಥಿಗಳು ಬರಲೇಬೇಕಾದ ದಿನವಿದ್ದರೆ ಇದೇ.

ಎಲ್ಲಕ್ಕಿಂತ ಹೆಚ್ಚು ಮರೆಯಾಗುವುದು ಫೆಬ್ರವರಿ 25. ಧರ್ಮಾಧ್ಯಕ್ಷ ಲುಯಿಜಿ ವರ್ಸಿಲಿಯ ಮತ್ತು ಫಾದರ್ ಕಲಿಸ್ತೊ ಕರವಾರಿಯೊ ಸಲೇಸಿಯನ್ ಸಭೆಯ ಮೊದಲ ರಕ್ತಸಾಕ್ಷಿಗಳು, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರು. 1930ರ ಈ ದಿನ ದಕ್ಷಿಣ ಚೀನಾದ ನದಿಯೊಂದರಲ್ಲಿ ದೋಣಿಯಲ್ಲಿ ಹೋಗುತ್ತಿದ್ದರು. ಜೊತೆಯಲ್ಲಿ ಮೂವರು ಯುವತಿಯರಿದ್ದರು. ದರೋಡೆಕೋರರು ದೋಣಿ ತಡೆದು ಆ ಹೆಣ್ಣುಮಕ್ಕಳನ್ನು ಎಳೆದೊಯ್ಯಲು ಬಂದಾಗ ಇಬ್ಬರೂ ಅಡ್ಡ ನಿಂತರು. ಹೊಡೆತ ತಿಂದು ಬಿದ್ದರೂ ದಾರಿ ಬಿಡಲಿಲ್ಲ. ಕೊನೆಗೆ ದಡದ ಬಿದಿರುಮೆಳೆಯೊಳಗೆ ಒಯ್ದರು. ಅಲ್ಲಿ ಒಬ್ಬರಿಗೊಬ್ಬರು ಪಾಪನಿವೇದನೆ ಮಾಡಿಕೊಂಡರು, ಆಮೇಲೆ ಗುಂಡು. ಒಬ್ಬರಿಗೆ 56, ಇನ್ನೊಬ್ಬರಿಗೆ 26. ಕರವಾರಿಯೊ ಗುರುಪಟ್ಟ ಪಡೆದು ಇನ್ನೂ ವರ್ಷವೂ ತುಂಬಿರಲಿಲ್ಲ, ಆ ಪಟ್ಟ ಕೊಟ್ಟವರೇ ವರ್ಸಿಲಿಯ. ಯುವತಿಯರು ಕೆಲವೇ ದಿನಗಳಲ್ಲಿ ಬಿಡುಗಡೆಯಾದರು. ಪರರ ಹೆಣ್ಣುಮಕ್ಕಳ ಮಾನ ಉಳಿಸಲು ಪ್ರಾಣ ಕೊಟ್ಟ ಗುರುಗಳಿವರು. ಶಾಲೆ ನಡೆಸುವ ಸಭೆಗೆ ಇದಕ್ಕಿಂತ ದೊಡ್ಡ ಪಾಠ ಇನ್ನಾವುದಿದೆ?

ಇಷ್ಟಾದರೂ ಅಂದು ಪೂಜೆಯ ಪೀಠದಲ್ಲಿ ರಕ್ತಸಾಕ್ಷಿಗಳಿಗೆ ಸಲ್ಲುವ ಕೆಂಪು ವಸ್ತ್ರ ಕಾಣುವುದು ಕಡಿಮೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ತೊಡಗುವ ಬೂದಿ ಬುಧವಾರ ಅರ್ಧಕ್ಕಿಂತ ಹೆಚ್ಚು ವರ್ಷ ಫೆಬ್ರವರಿ 25ಕ್ಕಿಂತ ಮುಂಚೆಯೇ ಬಂದಿರುತ್ತದೆ. 2026ರಲ್ಲಿ ಅದು 18ಕ್ಕೆ, 2027ರಲ್ಲಿ 10ಕ್ಕೆ. ತಪಸ್ಸುಕಾಲದಲ್ಲಿ ಸ್ಮರಣೆಗಳು ತಗ್ಗುತ್ತವೆ: ಪೂಜೆ ಆ ದಿನದ್ದೇ, ವಾಚನಗಳೂ ಆ ದಿನದವೇ, ವಸ್ತ್ರ ನೇರಳೆ. ಸಲೇಸಿಯನ್ ಮನೆಯಲ್ಲೂ ಆರಂಭದ ಪ್ರಾರ್ಥನೆಯೊಂದನ್ನು ಮಾತ್ರ ರಕ್ತಸಾಕ್ಷಿಗಳದ್ದಾಗಿ ಹೇಳಬಹುದು. ಪೀಠಕ್ಕೆ ಹೂವೂ ಇಲ್ಲ. ಭಕ್ತಿಯಿಂದಲೇ ಸೇವಂತಿಗೆ ಹಾರ ತಂದವರಿಗೆ ಬೇಸರವಾಗಬಹುದು. ಸಂತರ ಪಟವನ್ನು ಪೀಠದಿಂದ ದೂರ, ಬಾಗಿಲ ಬಳಿ ಇಟ್ಟು ಒಂದು ದೀಪ ಹಚ್ಚಿದರೆ ಸಾಕು. ಅವರ ಕಥೆಯನ್ನು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ತುರುಕಬೇಡಿ, ಅದು ಕೋರಿಕೆಯ ಜಾಗ. ಪೂಜೆಗೆ ಮುಂಚೆ ಎರಡು ನಿಮಿಷ ಓದಿ.

ಪೂರ್ಣ ಪೂಜೆಯೇ ಬೇಕೆನ್ನುವವರಿಗೆ ಜುಲೈ 9 ಇದೆ. 2000ದ ಅಕ್ಟೋಬರ್ 1ರಂದು ಪೋಪ್ ಎರಡನೇ ಜಾನ್ ಪೌಲರು ಚೀನಾದ 120 ರಕ್ತಸಾಕ್ಷಿಗಳನ್ನು ಸಂತರೆಂದು ಸಾರಿದಾಗ ಇವರಿಬ್ಬರೂ ಆ ಸಾಲಿನಲ್ಲಿದ್ದರು. ಅವರೆಲ್ಲರ ಐಚ್ಛಿಕ ಸ್ಮರಣೆ, ಸಂತ ಆಗಸ್ಟಿನ್ ಜಾವೊ ರಾಂಗ್ ಮತ್ತು ಸಂಗಡಿಗರ ಹೆಸರಿನಲ್ಲಿ, ಜುಲೈ 9ರಂದು. ಆ ತಾರೀಖು ಯಾವಾಗಲೂ ಸಾಧಾರಣ ಕಾಲದಲ್ಲೇ ಬರುತ್ತದೆ. ಭಾನುವಾರವಲ್ಲದಿದ್ದರೆ ಯಾವ ಚರ್ಚಿನಲ್ಲಾದರೂ ಕೆಂಪು ವಸ್ತ್ರ ಧರಿಸಿ ಪೂಜೆ ಅರ್ಪಿಸಬಹುದು. ಶಾಲೆಯೂ ನಡೆಯುತ್ತಿರುತ್ತದೆ. ಇದನ್ನು ನಮ್ಮ ಕಡೆಯ ಶಾಲೆಗಳು ಯಾಕೆ ಬಳಸಿಕೊಳ್ಳಬಾರದು?

ಡಾನ್ ಬಾಸ್ಕೊ ಅವರ ಶಿಷ್ಯ ಸಂತ ದೊಮಿನಿಕ್ ಸಾವಿಯೊ ಸತ್ತದ್ದು 1857ರ ಮಾರ್ಚ್ 9ರಂದು, ಹದಿನಾಲ್ಕರ ಹುಡುಗ. ಅದೂ ತಪಸ್ಸುಕಾಲಕ್ಕೇ ಸಿಕ್ಕುವ ತಾರೀಖು. ಈಗ ಅವನ ಸ್ಮರಣೆ ಮೇ 6ಕ್ಕೆ, ಅಂದರೆ ನಮ್ಮ ಬೇಸಿಗೆ ರಜೆಯ ನಟ್ಟನಡುವೆ. ಶಾಲೆ ಖಾಲಿ, ಚರ್ಚಿನ ಪೂಜಾಸೇವಕರನ್ನೂ ಪ್ರಥಮ ಪರಮಪ್ರಸಾದಕ್ಕೆ (ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಬಾರಿ ಸ್ವೀಕರಿಸಲು) ಸಿದ್ಧರಾಗುವ ಮಕ್ಕಳನ್ನೂ ಸೇರಿಸಿಕೊಳ್ಳುವುದೇ ದಾರಿ. ಏಳನೆಯ ವಯಸ್ಸಿಗೆ ಪ್ರಥಮ ಪರಮಪ್ರಸಾದ ಪಡೆದಾಗ ಅವನು ಬರೆದಿಟ್ಟ ನಾಲ್ಕು ಸಂಕಲ್ಪಗಳು ಹೀಗಿವೆ: ಆಗಾಗ ಪಾಪನಿವೇದನೆ, ಹಬ್ಬದ ದಿನಗಳನ್ನು ಪವಿತ್ರವಾಗಿ ಆಚರಿಸುವುದು, ಯೇಸು ಮರಿಯರೇ ಗೆಳೆಯರು, ಪಾಪಕ್ಕಿಂತ ಸಾವೇ ಮೇಲು. ಮಕ್ಕಳಿಂದಲೇ ಇವನ್ನು ಓದಿಸಿ.

ಮೇ 24 ಕ್ರೈಸ್ತರ ಸಹಾಯಮಾತೆಯಾದ ಮರಿಯಳ ಹಬ್ಬ. ನೆಪೋಲಿಯನ್ನನ ಸೆರೆಯಿಂದ ಬಿಡುಗಡೆಯಾದ ಪೋಪ್ ಏಳನೇ ಪಯಸ್ ರೋಮಿಗೆ ಮರಳಿದ್ದು 1814ರ ಈ ದಿನ. ನವೇನ 15ರಿಂದ 23ರವರೆಗೆ. 2026ರಲ್ಲಿ ಮೇ 24 ಪೆಂತೆಕೋಸ್ತ್ ಭಾನುವಾರ, ಪವಿತ್ರಾತ್ಮರು ಇಳಿದುಬಂದ ಹಬ್ಬ. ಅದಕ್ಕೆ ಯಾವ ಮಹೋತ್ಸವವೂ ಎದುರು ನಿಲ್ಲದು, ಸಲೇಸಿಯನ್ ಮನೆಗಳಲ್ಲಿ ಮಾತೆಯ ಮಹೋತ್ಸವ ಮುಂದಿನ ಬಿಡುವಿನ ದಿನಕ್ಕೆ ಸರಿಯುತ್ತದೆ. ಡಾನ್ ಬಾಸ್ಕೊ ಹೇಳಿಕೊಟ್ಟ ನವೇನ ಚಿಕ್ಕದು. ದಿನಕ್ಕೆ ಮೂರು ಸಲ ಪರಲೋಕದ ಜಪ, ನಮೋ ಮರಿಯ ಮತ್ತು ಪಿತನಿಗೂ ಸುತನಿಗೂ, ಜೊತೆಗೆ ಪರಮಪ್ರಸಾದಕ್ಕೆ ಸ್ತುತಿ. ಬಳಿಕ ಮೂರು ಸಲ ನಮೋ ರಾಣಿಯೇ, ಪ್ರತಿ ಸಲವೂ ಕೊನೆಗೆ ‘ಕ್ರೈಸ್ತರ ಸಹಾಯಮಾತೆಯೇ, ನಮಗಾಗಿ ಪ್ರಾರ್ಥಿಸು’. ಒಟ್ಟು ಹತ್ತು ನಿಮಿಷವೂ ಹಿಡಿಯದು. ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಬೇಕು, ಕೈಲಾದಷ್ಟು ದಾನ ಕೊಡಬೇಕು ಎಂದೂ ಅವರು ಹೇಳಿದ್ದರು. ಜಪ ನಡೆಯುತ್ತದೆ, ದಾನ ಮರೆತುಹೋಗುತ್ತದೆ. ನವೇನ ಮುಗಿಯುವ ಹೊತ್ತಿಗೆ ಶಾಲೆ ತೆರೆಯುವ ದಿನ ಹತ್ತಿರ ಬಂದಿರುತ್ತದೆ. ನೋಟ್‌ಬುಕ್, ಸಮವಸ್ತ್ರಕ್ಕೆ ಪರದಾಡುವ ಮನೆ ನಿಮ್ಮ ಬೀದಿಯಲ್ಲೇ ಇದ್ದೀತು. ದಾನ ಅಲ್ಲಿಗೆ ಹೋಗಲಿ, 23ರೊಳಗೇ.