ಕೊನೆಯ ರೈಲು ಹೋಗಿ ಎಷ್ಟು ವರ್ಷವಾಯ್ತು?

ಮಾಡೆಲ್ ರೈಲಿನ ಲೇಔಟ್ (ಹಳಿ, ನೆಲ, ಗಿಡ ಎಲ್ಲ ಇರುವ ಚಿಕ್ಕ ಮಾದರಿ) ಮಾಡುವವರಿಗೆ ಪಾಳುಬಿದ್ದ ಲೈನಿನ ಮೇಲೆ ಒಂದು ಮೋಹ ಇದ್ದೇ ಇರುತ್ತದೆ. ಮಿಕ್ಕ ಫ್ಲೆಕ್ಸಿಬಲ್ ಟ್ರ್ಯಾಕಿನ ತುಂಡು ತಂದು ಮೂಲೆಗೆ ಅಂಟಿಸುವುದು, ಒಂದು ಕೈ ಕಂದು ಬಣ್ಣ, ಮೇಲೊಂದು ಹಿಡಿ ಹಸಿರು ಪುಡಿ, ಹಳಿಗಳ ನಡುವೆ ಒಂದು ಮರ. ಅಲ್ಲಿಗೆ ಕೆಲಸ ಮುಗಿಯಿತು. ನೋಡಿದವರಿಗೆ ಏನೋ ಒಪ್ಪುವುದಿಲ್ಲ, ಏನೆಂದು ಹೇಳಲೂ ಬರುವುದಿಲ್ಲ. ಅಲ್ಲಿ ತಪ್ಪಿರುವುದು ಕಾಲದ ಲೆಕ್ಕ. ಮರಕ್ಕೆ ಹದಿನೈದು ವರ್ಷ, ತುಕ್ಕಿಗೆ ಹದಿನೈದು ದಿನ, ಜಲ್ಲಿ ನಿನ್ನೆ ಸುರಿದಂತಿದೆ.

ಹಾಗಾಗಿ ಅಂಟಿನ ಬಾಟಲಿ ತೆರೆಯುವ ಮೊದಲು ಒಂದು ಸಂಖ್ಯೆ ನಿರ್ಧರಿಸಿ: ಈ ಲೈನಿನಲ್ಲಿ ಕೊನೆಯ ರೈಲು ಹೋಗಿ ಎಷ್ಟು ವರ್ಷ? ಎರಡೋ, ಹತ್ತೋ, ಮೂವತ್ತೋ? ಬಣ್ಣ, ಹುಲ್ಲು, ಏನು ಉಳಿದಿದೆ, ಏನು ಹೋಗಿದೆ ಎಲ್ಲವೂ ಆ ಸಂಖ್ಯೆಯಿಂದಲೇ ಹೊರಡಬೇಕು.

ನಿಜವಾದ ಲೈನ್ ಹಾಳಾಗುವುದಕ್ಕೂ ಒಂದು ಕ್ರಮ ಇದೆ. ಮೊದಲು ಹೋಗುವುದು ಹಳಿಯ ತಲೆಯ ಹೊಳಪು. ಗಾಲಿ ಉಜ್ಜುವುದು ನಿಂತು ಒಂದು ಮಳೆ ಬಿದ್ದರೆ ಸಾಕು, ಕೆಲವೇ ದಿನದಲ್ಲಿ ತಲೆಯ ಮೇಲೆ ಕಿತ್ತಳೆ ಬಣ್ಣದ ತುಕ್ಕು ಕೂರುತ್ತದೆ. (ಈ ತುಕ್ಕು ದೊಡ್ಡ ರೈಲ್ವೆಗಳಿಗೂ ತಲೆನೋವು. ಅಪರೂಪಕ್ಕೆ ರೈಲು ಹೋಗುವ ಲೈನಿನಲ್ಲಿ ಗಾಲಿಗೂ ಹಳಿಗೂ ನಡುವೆ ತುಕ್ಕಿನ ಪದರ ಕೂತರೆ, ರೈಲು ನಿಂತಿದ್ದರೂ, ಹಳಿಯ ಕರೆಂಟಿನಿಂದ ರೈಲನ್ನು ಪತ್ತೆಹಚ್ಚುವ ಟ್ರ್ಯಾಕ್ ಸರ್ಕ್ಯೂಟಿಗೆ ಅದು ಕಾಣಿಸದೇ ಹೋಗಬಹುದು.) ಆಮೇಲೆ ಕಳೆನಾಶಕ ಹೊಡೆಯುವುದು ನಿಲ್ಲುತ್ತದೆ. ಹುಲ್ಲು ಮೊದಲು ಬರುವುದು ಪಕ್ಕದ ಚರಂಡಿಯಲ್ಲಿ, ಯಾಕೆಂದರೆ ನೀರು ಮಣ್ಣು ಎರಡೂ ಅಲ್ಲಿವೆ. ಅಲ್ಲಿಂದ ಜಲ್ಲಿಯ ಅಂಚಿಗೆ, ಸ್ಲೀಪರ್ (ಹಳಿಯ ಕೆಳಗಿನ ಅಡ್ಡ ದಿಮ್ಮಿ) ತುದಿಗಳಿಗೆ, ಕೊನೆಗೆ ಹಳಿಗಳ ನಡುವಿಗೆ. ನಡುವಿನ ಜಲ್ಲಿ ದಪ್ಪ, ಒಣ. ಎಲೆ ಕೊಳೆತು ಧೂಳು ಸೇರಿ ಸಂದು ತುಂಬುವ ತನಕ ಅಲ್ಲಿ ಬೇರಿಗೆ ಹಿಡಿತ ಸಿಗುವುದಿಲ್ಲ. ಅಂದರೆ ಹಳಿ ನಡುವೆ ಮರ ನಿಲ್ಲಿಸಿದರೆ ಚರಂಡಿಯಲ್ಲಿ ಅದಕ್ಕಿಂತ ದೊಡ್ಡ ಮರ ಇರಲೇಬೇಕು. ಇದೊಂದು ಸರಿಹೋದರೆ ಅರ್ಧ ಎಡವಟ್ಟು ತಪ್ಪುತ್ತದೆ.

ಹಳಿ ಕಿತ್ತರೋ ಇಲ್ಲವೋ ಎಂಬುದು ಮುಂದಿನ ಪ್ರಶ್ನೆ. ಕೀಳುವವರು ಮಾರಿದರೆ ದುಡ್ಡಾಗುವುದನ್ನು ಒಯ್ಯುತ್ತಾರೆ: ಹಳಿ, ಪಾಯಿಂಟ್ಸ್ (ರೈಲು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗುವ ಜೋಡಣೆ), ಸೇತುವೆಯ ಉಕ್ಕಿನ ಗರ್ಡರ್. ಕಲ್ಲುಕಟ್ಟಡದ ಆಸರೆಗಳು, ಮೋರಿಗಳು, ಪ್ಲಾಟ್‌ಫಾರ್ಮಿನ ಅಂಚುಗಲ್ಲು ಉಳಿಯುತ್ತವೆ. ಗೇಟಿನಲ್ಲಿ ಡಾಂಬರಿನೊಳಗೆ ಹೂತ ಹಳಿಯ ತುಂಡು ಎಷ್ಟೋ ಕಡೆ ಹಾಗೇ ಇರುತ್ತದೆ, ಅದನ್ನು ತೆಗೆಯಬೇಕೆಂದರೆ ರಸ್ತೆ ಅಗೆಯಬೇಕಲ್ಲ. ಲೇಔಟಿನಲ್ಲಿ ಬರಿಯ ಒಡ್ಡು, ನಡುವೆ ರಸ್ತೆಗೆ ಅಡ್ಡವಾಗಿ ಎರಡು ಹಳಿ, ಆಚೆ ಮತ್ತೆ ಬರಿಯ ಒಡ್ಡು. ಇಷ್ಟು ಮಾಡಿದರೆ ಉದ್ದನೆಯ ತುಕ್ಕು ಹಳಿಗಿಂತ ಹೆಚ್ಚು ಮಾತಾಡುತ್ತದೆ.

ಇಡೀ ಲೈನ್ ಒಂದೇ ದಿನ ಸಾಯುವುದಿಲ್ಲ ಎನ್ನುವುದನ್ನೂ ನೆನಪಿಡಿ. ಪ್ಯಾರಿಸ್ ನಗರವನ್ನು ಸುತ್ತುವ ಪೆತೀತ್ ಸೆಂತ್ಯೂರ್ ಲೈನಿನಲ್ಲಿ ಪ್ರಯಾಣಿಕರ ರೈಲು 1934ರಲ್ಲೇ ನಿಂತಿತು, ಗೂಡ್ಸ್ ಓಡಾಟ ಮಾತ್ರ ಆಮೇಲೂ ದಶಕಗಟ್ಟಲೆ ನಡೆಯಿತು. ಇಂಥ ಲೈನನ್ನು ಮಾಡುವುದಾದರೆ ಪಾಳುಬಿದ್ದ ಪ್ಲಾಟ್‌ಫಾರ್ಮಿನ ಮುಂದೆ ಹೊಳೆಯುವ ಹಳಿ ಇರಬೇಕು, ಅದು ತಪ್ಪಲ್ಲ. ನ್ಯೂಯಾರ್ಕಿನ ಹೈ ಲೈನಿನಲ್ಲಿ ಕೊನೆಯ ಗೂಡ್ಸ್ ಓಡಿದ್ದು 1980ರಲ್ಲಿ. 2009ರಲ್ಲಿ ಅದರ ಮೊದಲ ಭಾಗ ಉದ್ಯಾನವಾಗಿ ತೆರೆಯುವ ಮೊದಲು, ನೆಲದಿಂದ ಮೇಲೆ ಉಕ್ಕಿನ ಕಂಬಗಳ ಮೇಲಿದ್ದ ಆ ಜಲ್ಲಿಯಲ್ಲಿ ಹುಲ್ಲು, ಪೊದೆ, ಗಿಡಗಳು ತಾವಾಗಿಯೇ ಬೆಳೆದಿದ್ದವು. ಜಲ್ಲಿಯಲ್ಲಿ ಏನೂ ಬೆಳೆಯುವುದಿಲ್ಲ ಅನ್ನುವವರಿಗೆ ಅದರ ಹಳೆಯ ಫೋಟೋಗಳನ್ನು ತೋರಿಸಬಹುದು.

ಇನ್ನು ಅಳತೆ. ಇಲ್ಲಿರುವುದೆಲ್ಲ ಎಚ್‌ಒ ಲೆಕ್ಕ, ಅಂದರೆ ನಿಜದ 87ರಲ್ಲೊಂದು ಪಾಲಿನ (1:87) ಮಾಡೆಲ್ ಅಳತೆ, ಗೇಜ್ (ಎರಡು ಹಳಿಗಳ ನಡುವಿನ ದೂರ) 16.5 ಮಿ.ಮೀ. ನಿಜದ 2.6 ಮೀಟರ್ ಸ್ಲೀಪರ್ ಇಲ್ಲಿ 30 ಮಿ.ಮೀ. ಉದ್ದ, ಸುಮಾರು 3 ಮಿ.ಮೀ. ಅಗಲ. ಸ್ಲೀಪರಿಂದ ಸ್ಲೀಪರಿಗೆ ನಿಜದಲ್ಲಿ 60 ಸೆಂ.ಮೀ. ಇದ್ದರೆ ಮಾಡೆಲಿನಲ್ಲಿ 7 ಮಿ.ಮೀ. 3 ಮೀಟರ್ ಎತ್ತರದ ಒಡ್ಡು 34 ಮಿ.ಮೀ.; ಅದರ ಇಳಿಜಾರು ಒಂದಕ್ಕೆ ಎರಡರಂತೆ ಹರಡಿದರೆ ಒಂದೊಂದು ಬದಿಗೆ 68 ಮಿ.ಮೀ. ಜಾಗ ಬೇಕು. ಜಾಗ ಸಾಲದೆಂದು ಗೋಡೆಯಂತೆ ಕಡಿದಾದ ಒಡ್ಡು ಮಾಡುವವರೇ ಹೆಚ್ಚು. ಅದರ ಬದಲು ಒಡ್ಡಿನ ಎತ್ತರ ಇಳಿಸಿ, ಇಲ್ಲವೇ ಒಂದು ಬದಿಗೆ ಕಲ್ಲಿನ ತಡೆಗೋಡೆ ಕೊಡಿ.

ಒಒ ಎಂಬ ಇನ್ನೊಂದು ಮಾಡೆಲ್ ಸ್ಕೇಲಿನವರಿಗೆ ಇಲ್ಲೊಂದು ಗುಂಡಿ ಕಾದಿದೆ. ಅವರ ಸ್ಕೇಲ್ 1:76.2, ಆದರೆ ಗೇಜ್ ಎಚ್‌ಒದ್ದೇ 16.5. ನಿಜದ 1435 ಮಿ.ಮೀ. ಗೇಜಿಗೆ ಅವರ ಲೆಕ್ಕದಲ್ಲಿ 18.83 ಬೇಕಿತ್ತು. ಮೇಲೆ ರೈಲು ಓಡುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಳಿ ಕಿತ್ತು ಬರೀ ಸ್ಲೀಪರಿನ ಗುರುತು ತೋರಿಸುವಾಗ ಮಾತ್ರ ಎದ್ದು ಕಾಣುತ್ತದೆ, ಯಾಕೆಂದರೆ ರೆಡಿಮೇಡ್ ಟ್ರ್ಯಾಕ್ ಎಷ್ಟೋ ಸಲ ಎಚ್‌ಒ ಅಳತೆಯದ್ದು, ಅದರ ಸ್ಲೀಪರ್ ಗಿಡ್ಡ, ಒತ್ತೊತ್ತು. ಒಒನಲ್ಲಿ ಸ್ಲೀಪರ್ 34 ಮಿ.ಮೀ., ನಡುವಿನ ದೂರ 8 ಮಿ.ಮೀ. ಇಟ್ಟುಕೊಳ್ಳಿ. ಹಳಿಯೇ ಇಲ್ಲದ ಮೇಲೆ ಗೇಜಿನ ಹಂಗು ಯಾಕೆ?

ಹಳಿ ಉಳಿಸುವುದಾದರೆ ಎತ್ತರ ನೋಡಿ. ಕೋಡ್ ಅಂದರೆ ಹಳಿಯ ಎತ್ತರ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಕೋಡ್ 100 ಎಂದರೆ 2.54 ಮಿ.ಮೀ., 87ರಿಂದ ಗುಣಿಸಿದರೆ 221 ಮಿ.ಮೀ. ಇವತ್ತಿನ ಭಾರೀ ಮುಖ್ಯಮಾರ್ಗದ 60 ಕೆ.ಜಿ. ಹಳಿಯೇ 172 ಮಿ.ಮೀ. ಎತ್ತರ! ಓಡುವ ಲೈನಿಗೆ ಕೋಡ್ 83 ಅಥವಾ 75 ಸರಿ. ಪಕ್ಕದ ಸತ್ತ ಬ್ರಾಂಚ್ ಲೈನಿಗೆ ಕೋಡ್ 55 ಹಾಕಿದರೆ 122 ಮಿ.ಮೀ. ಬರುತ್ತದೆ, ಹಗುರ ಹಳಿಯ ಹಳೆಯ ಲೈನ್ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಅದರ ಮೇಲೆ ಏನೂ ಓಡುವುದಿಲ್ಲವಾದ್ದರಿಂದ ದೊಡ್ಡ ಫ್ಲಾಂಜಿನ (ಹಳಿಯ ಒಳಬದಿಗೆ ಇಳಿಯುವ ಅಂಚಿನ) ಗಾಲಿ ತಾಗುವ ಭಯವೂ ಇಲ್ಲ.

ಈಗ ಸ್ಲೀಪರಿನ ಅಚ್ಚು. ಕಿತ್ತ ಲೈನಿನ ಜೀವವೇ ಇದು, ಸ್ವಲ್ಪ ನಿಧಾನವಾಗಿ ನೋಡೋಣ. ಒಂದೊಂದೇ ಸ್ಲೀಪರ್ ಇಟ್ಟು ಜಲ್ಲಿ ಸುರಿದು ಒಂದೊಂದೇ ಕೀಳಲು ಹೋದರೆ ಅಂಚೆಲ್ಲ ಕುಸಿಯುತ್ತದೆ. ಏಣಿ ಮಾಡಿಕೊಳ್ಳಿ. 30 × 3 × 2 ಮಿ.ಮೀ. ಅಳತೆಯ 20 ಮರದ ಕಡ್ಡಿಗಳು, ನಡುವಿನಿಂದ ನಡುವಿಗೆ 7 ಮಿ.ಮೀ. ಅಂತರದಲ್ಲಿ ಜೋಡಿಸಿ, ಮೇಲ್ಗಡೆ ಉದ್ದಕ್ಕೆ ಎರಡು ಪಟ್ಟಿ ಅಂಟಿಸಿದರೆ 14 ಸೆಂ.ಮೀ. ಉದ್ದದ ಏಣಿ ಆಗುತ್ತದೆ. ಕಡ್ಡಿಗಳ ತಳಕ್ಕೂ ಬದಿಗೂ ಮೇಣದಬತ್ತಿ ಉಜ್ಜಿ. ವ್ಯಾಸಲೀನ್ ಬೇಡ, ಅದು ಜಲ್ಲಿಗೆ ಹತ್ತಿದರೆ ಅಂಟು ಹಿಡಿಯುವುದಿಲ್ಲ. ಏಣಿಯನ್ನು 3 ಮಿ.ಮೀ. ಕಾರ್ಕ್ ಮೇಲೆ ಒತ್ತಿಟ್ಟು, ಕಡ್ಡಿಗಳ ನಡುವೆ ಮತ್ತು ಎರಡೂ ಬದಿಗೆ ಜಲ್ಲಿ ಹರಡಿ ಮೆತ್ತನೆಯ ಬ್ರಷ್‌ನಿಂದ ಸಮ ಮಾಡಿ.

ಜಲ್ಲಿಯ ಗಾತ್ರದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ನಿಜದ ಜಲ್ಲಿ 50–60 ಮಿ.ಮೀ. ಕಲ್ಲು, ಅಂದರೆ ಎಚ್‌ಒನಲ್ಲಿ 0.6–0.7 ಮಿ.ಮೀ. ಬರಿಗಣ್ಣಿಗೆ ದಪ್ಪ ಮರಳಿನಂತೆ ಕಾಣಬೇಕು, ಸಣ್ಣ ಕಲ್ಲಿನಂತೆ ಕಂಡರೆ ದೊಡ್ಡದಾಯಿತು ಎಂದರ್ಥ. 45 ಮಿ.ಮೀ. ಅಗಲಕ್ಕೆ 3 ಮಿ.ಮೀ. ದಪ್ಪ ಹರಡಿದರೆ ಒಂದು ಮೀಟರಿಗೆ 135 ಮಿ.ಲೀ. ಹತ್ತಿರ ಹಿಡಿಯುತ್ತದೆ. ಮರಳನ್ನೇ ಜರಡಿ ಹಿಡಿದು ಬಳಸುವುದಾದರೆ, ಕಾಗದದ ಮೇಲೆ ಹರಡಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಯಸ್ಕಾಂತವನ್ನು ನಾಲ್ಕೈದು ಸಲ ಆಡಿಸಿ. ಕಪ್ಪು ಕಬ್ಬಿಣದ ಮರಳು ಎದ್ದು ಬರುತ್ತದೆ. ಅದು ಲೇಔಟಿನಲ್ಲಿ ಉಳಿದರೆ ಮುಂದೊಂದು ದಿನ ಲೋಕೋ ಮೋಟಾರಿನ ಆಯಸ್ಕಾಂತ ಅದನ್ನು ಒಳಗೆಳೆದುಕೊಳ್ಳುತ್ತದೆ; ಮೊದಲು ಗೊರಗೊರ ಸದ್ದು, ಆಮೇಲೆ ಮೋಟಾರೇ ಜಾಮ್. ಹಳಿ ಉಜ್ಜಲು ಉಕ್ಕಿನ ನಾರು ಬೇಡ ಅನ್ನುವುದೂ ಇದಕ್ಕೇ.

ಅಂಟು ಹಾಕುವ ಮೊದಲು ಜಲ್ಲಿ ಒದ್ದೆಯಾಗಬೇಕು. ನೀರು ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್ ಸಮ ಪಾಲು ಬೆರೆಸಿ, ಸ್ಪ್ರೇಯನ್ನು ಎತ್ತರದಿಂದ ಹಿಡಿದು ಮಂಜಿನಂತೆ ಬೀಳಿಸಿ. ಹತ್ತಿರದಿಂದ ಹೊಡೆದರೆ ಜಲ್ಲಿ ಹಾರುತ್ತದೆ. ಒಣ ಜಲ್ಲಿಗೆ ಅಂಟು ಬಿಟ್ಟರೆ ಹನಿ ಉಂಡೆಯಾಗಿ ನಿಂತು ಗುಳಿ ತೋಡುತ್ತದೆ. ಅಂಟು ಅಂದರೆ ಮರಗೆಲಸದ ಬಿಳಿ ಗಮ್ ಒಂದು ಪಾಲು, ನೀರು ಎರಡು ಪಾಲು, ಪಾತ್ರೆ ತೊಳೆಯುವ ಸೋಪಿನ ದ್ರಾವಣ ಒಂದೆರಡು ತೊಟ್ಟು. ಡ್ರಾಪರಿನಿಂದ ಅಂಚಿನಲ್ಲಿ ಬಿಡಿ, ತಾನಾಗಿ ಒಳಕ್ಕೆ ಇಳಿಯುತ್ತದೆ. ನೀರಿಗೆ ಜಗ್ಗದ ವಾಟರ್‌ಪ್ರೂಫ್ ಗಮ್ ಬೇಡ. ಸಾಧಾರಣ ಗಮ್ ಆದರೆ ನಾಳೆ ತಪ್ಪು ಕಂಡಾಗ ಬಿಸಿನೀರು ಬಿಟ್ಟು ಮೆತ್ತಗೆ ಮಾಡಿ ಎಬ್ಬಿಸಬಹುದು.

ಏಣಿ ಎತ್ತುವ ಹೊತ್ತು ಗೊತ್ತಾಗಬೇಕು. ಹಸಿ ಇದ್ದಾಗ ಎತ್ತಿದರೆ ಅಚ್ಚು ಕುಸಿಯುತ್ತದೆ, ಪೂರ್ತಿ ಒಣಗಿದರೆ ಜಲ್ಲಿಯನ್ನೂ ಕಿತ್ತುಕೊಂಡು ಬರುತ್ತದೆ. ಗಡಿಯಾರ ನೋಡಿ ಪ್ರಯೋಜನವಿಲ್ಲ, ಹವೆಯ ಮೇಲೆ ಹೋಗುತ್ತದೆ. ಟೂತ್‌ಪಿಕ್ ಚುಚ್ಚಿ: ಮೇಲ್ಪದರ ಗಟ್ಟಿ, ಒಳಗೆ ಸ್ವಲ್ಪ ಮಿದು ಅನ್ನಿಸಿದರೆ ಅದೇ ಹದ. ಒಂದು ತುದಿಯಿಂದ ಎಬ್ಬಿಸಬೇಡಿ, ಎರಡೂ ತುದಿ ಹಿಡಿದು ನೇರ ಮೇಲಕ್ಕೆತ್ತಿ. ಬಂದ ಅಚ್ಚುಗಳನ್ನೆಲ್ಲ ಚೊಕ್ಕವಾಗಿ ಬಿಟ್ಟರೆ ಬಿಸ್ಕತ್ತಿನ ಅಚ್ಚಿನ ಹಾಗೆ ಕಾಣುತ್ತದೆ. ಮೂರರಲ್ಲೊಂದನ್ನು ಬೆರಳಿನಿಂದ ಸ್ವಲ್ಪ ಕೆಡಿಸಿ, ಒಣ ಎಲೆಯನ್ನು ನುಣ್ಣಗೆ ಪುಡಿಮಾಡಿ ಜರಡಿ ಹಿಡಿದು ತಗ್ಗುಗಳಿಗೆ ಉದುರಿಸಿ. ಕೊಳೆತು ಹೋಗಿದೆಯೆಂದು ಬಿಟ್ಟುಹೋದ ಸ್ಲೀಪರ್ ಒಂದೆರಡನ್ನು ಓರೆಯಾಗಿ ಇಳಿಜಾರಿನಲ್ಲಿ ಬೀಳಿಸಬಹುದು, ಅದಕ್ಕಿಂತ ಹೆಚ್ಚು ಬೇಡ.

ಹಳಿ ಇರುವ ಭಾಗದ ತುಕ್ಕಿಗೆ ಬರೋಣ. ಮಾಡೆಲ್ ಹಳಿ ನಿಕಲ್ ಸಿಲ್ವರ್, ಹೆಸರಿಗೆ ಮಾತ್ರ ಬೆಳ್ಳಿ. ಇರುವುದು ತಾಮ್ರ, ನಿಕಲ್, ಸತು. ಅದು ತಾನಾಗಿ ಕಂದು ಆಗುವುದಿಲ್ಲ, ಅಕ್ರಿಲಿಕ್ ಬಣ್ಣವೂ ಅದಕ್ಕೆ ಸುಲಭಕ್ಕೆ ಹಿಡಿಯುವುದಿಲ್ಲ. ಐಸೋಪ್ರೊಪೈಲಿನಿಂದ ಜಿಡ್ಡು ತೆಗೆದು, ಲೋಹಕ್ಕೆ ಹಚ್ಚುವ ಪ್ರೈಮರ್ ಕೊಟ್ಟ ಮೇಲೆ ಬಣ್ಣ. ಹೊಸ ತುಕ್ಕು ಕಿತ್ತಳೆ, ಹಳೆಯದು ಕಪ್ಪುಗಂದು. ಹತ್ತು ವರ್ಷದ ಲೈನಿಗೆ ಪೂರಾ ಕಪ್ಪುಗಂದು ಬಳಿದು, ಹಳಿಗಳನ್ನು ಜೋಡಿಸುವ ಫಿಶ್‌ಪ್ಲೇಟಿನ ಬಳಿ ಮತ್ತು ಹಳಿಯ ಬುಡದಲ್ಲಿ ಮಾತ್ರ ಕಿತ್ತಳೆ ಪಿಗ್ಮೆಂಟ್ ಪುಡಿ ಸವರಿ. ತಲೆಗೂ ಬದಿಗೂ ಒಂದೇ ಬಣ್ಣ ಇರಬೇಕು. ಪಕ್ಕದ ಓಡುವ ಲೈನಿನಲ್ಲಿ ಬದಿ ಕಂದು, ತಲೆ ಮಾತ್ರ ಹೊಳಪು. ಈ ಎರಡನ್ನು ಅಕ್ಕಪಕ್ಕ ಇಟ್ಟರೆ ಬೋರ್ಡು ಹಾಕಿ ಹೇಳಬೇಕಿಲ್ಲ. ಮ್ಯಾಟ್ ವಾರ್ನಿಶ್ ಹೊಡೆದಾಗ ಪುಡಿಯ ಬಣ್ಣ ತುಂಬ ಮಂಕಾಗುತ್ತದೆ, ಮೊದಲೇ ಸ್ವಲ್ಪ ಜಾಸ್ತಿ ಹಾಕಿರಿ. ಹೊಡೆಯುವ ಮುನ್ನ ಓಡುವ ಹಳಿಗೆ ಮಾಸ್ಕಿಂಗ್ ಟೇಪ್ ಮರೆಯಬೇಡಿ. ಕಣ್ಣಿಗೆ ಕಾಣದ ವಾರ್ನಿಶ್ ಪದರ ಹಳಿಯ ತಲೆ ಮೇಲೆ ಕೂತರೆ ಲೋಕೋ ಅಲ್ಲಲ್ಲೇ ನಿಲ್ಲುತ್ತದೆ, ತಪ್ಪು ವೈರಿಂಗಿನಲ್ಲಿದೆ ಎಂದುಕೊಂಡು ಇಡೀ ಸಂಜೆ ಮೇಜಿನ ಕೆಳಗೆ ಮಲಗಬೇಕಾಗುತ್ತದೆ.

ಹುಲ್ಲಿಗೆ ಮೂರು ಉದ್ದ ಸಾಕು: ಹಳಿಗಳ ನಡುವೆ 2 ಮಿ.ಮೀ., ಜಲ್ಲಿಯ ಅಂಚಿಗೆ 4, ಚರಂಡಿಗೆ 6. ಒಂದೇ ಹಸಿರು ಬೇಡ, ಅರ್ಧದಷ್ಟು ಒಣಹುಲ್ಲಿನ ಬಣ್ಣ ಬೆರೆಸಿ. ಹುಲ್ಲಿನ ಎಳೆಗಳನ್ನು ಸ್ಥಿರ ವಿದ್ಯುತ್ತಿನಿಂದ ನೆಟ್ಟಗೆ ನಿಲ್ಲಿಸುವ ಸ್ಟ್ಯಾಟಿಕ್ ಗ್ರಾಸ್ ಯಂತ್ರದ ಎರಡನೇ ತಂತಿಯ ಪಿನ್ನು ಹಸಿ ಅಂಟಿಗೆ ತಾಗಿರಬೇಕು. ತಾಗದಿದ್ದರೆ ಎಳೆಗಳು ನಿಲ್ಲುವುದಿಲ್ಲ, ಮಲಗಿಬಿಡುತ್ತವೆ. ಅಂಟನ್ನು ಪಟ್ಟೆಯಾಗಿ ಬಳಿಯದೆ ಚುಕ್ಕೆ ಚುಕ್ಕೆಯಾಗಿ ಹಾಕಿ.

ಕೊನೆಯದು ಕವಲು, ಅತಿ ಹೆಚ್ಚು ಜನ ಎಡವುವ ಜಾಗ. ಸತ್ತ ಲೈನ್ ಓಡುವ ಲೈನಿಗೆ ಸೇರುವಲ್ಲಿ ಮಾಡೆಲ್ ಮಾಡುವವರು ಪಾಯಿಂಟ್ಸ್ ಹಾಗೇ ಬಿಟ್ಟಿರುತ್ತಾರೆ. ನಿಜದಲ್ಲಿ ಪಾಯಿಂಟ್ಸ್ ಇದ್ದರೆ ಅದನ್ನು ನೋಡಿಕೊಳ್ಳುವ ಖರ್ಚೂ ಇರುತ್ತದೆ, ಆದ್ದರಿಂದ ರೈಲ್ವೆಯವರು ಅದನ್ನು ತೆಗೆದು ನೇರ ಹಳಿ ಹಾಕಿಬಿಡುತ್ತಾರೆ. ಸತ್ತ ಹಳಿ ಶುರುವಾಗುವುದು ಅಲ್ಲಿಂದ ಆಚೆಗೆ. ಎಚ್‌ಒನಲ್ಲಿ 25–30 ಸೆಂ.ಮೀ. ಖಾಲಿ ಬಿಡಿ. ಆದರೆ ಜಲ್ಲಿಯ ಹರವು ಪ್ಯಾಂಟಿನ ಎರಡು ಕಾಲಿನಂತೆ ಕವಲೊಡೆದಿರಲಿ, ಅದನ್ನು ಯಾರೂ ಬಾಚಿ ಒಯ್ಯುವುದಿಲ್ಲ. ಹಳಿ ಶುರುವಾಗುವಲ್ಲಿ ಅಡ್ಡಕ್ಕೊಂದು ಸ್ಲೀಪರ್ ಕಟ್ಟಿ, ಅಥವಾ ಒಂದು ಮಣ್ಣಿನ ಗುಡ್ಡೆ ಸುರಿಯಿರಿ.

ಲೈನ್ ಮುಚ್ಚಿ ಹೆಚ್ಚು ದಿನವಾಗಿಲ್ಲ, ಪಾಯಿಂಟ್ಸ್ ಇರಲೇಬೇಕು ಅನ್ನುವುದಾದರೆ ಬ್ಲೇಡನ್ನು (ಅದರ ಚಲಿಸುವ ಹಳಿಯನ್ನು) ರೈಲು ಮುಖ್ಯ ಲೈನಿನಲ್ಲೇ ಹೋಗುವಂತೆ ಒತ್ತಿ ಅಂಟಿಸಿಬಿಡಿ. ಫ್ರಾಗ್ (ಎರಡು ಲೈನಿನ ಹಳಿಗಳು ಒಂದನ್ನೊಂದು ದಾಟುವ ಜಾಗ) ದಾಟಿದ ಕೂಡಲೇ ಸತ್ತ ಲೈನಿನ ಎರಡೂ ಹಳಿಗೆ ಪ್ಲಾಸ್ಟಿಕ್ ಜಾಯ್ನರ್ (ಹಳಿಯ ತುದಿಗಳನ್ನು ಸೇರಿಸುವ ತುಂಡು) ಹಾಕಿ, ಆಚೆಗೆ ಕರೆಂಟ್ ಹೋಗದಂತೆ ಮಾಡಿ. ಓಡುವ ಲೈನಿನಲ್ಲಿ ಹಳಿಯ ಪ್ರತಿ ತುಂಡಿಗೂ ಕರೆಂಟ್ ಕೊಡುವ ಒಂದೊಂದು ಜೊತೆ ಫೀಡರ್ ತಂತಿ ಬೆಸುಗೆ ಹಾಕಿ, ಕೆಳಗೆ 1.5 ಚದರ ಮಿ.ಮೀ. ಬಸ್ ವೈರಿಗೆ (ಕರೆಂಟಿನ ಮುಖ್ಯ ತಂತಿಗೆ) ಕೊಡಿ. ಕರೆಂಟಿಗೆ ಲೋಹದ ಜಾಯ್ನರನ್ನೇ ನಂಬಿಕೊಂಡರೆ ಒಂದಲ್ಲ ಒಂದು ದಿನ ಕೈಕೊಡಬಹುದು. ಡಿಸಿಸಿ (ರೈಲುಗಳನ್ನು ಡಿಜಿಟಲ್ ಆಗಿ ನಡೆಸುವ ವ್ಯವಸ್ಥೆ) ಇದ್ದರೆ ಲೈನಿನ ಉದ್ದಕ್ಕೂ ಅಲ್ಲಲ್ಲಿ ಎರಡು ಹಳಿಗೆ ಅಡ್ಡವಾಗಿ ನಾಣ್ಯ ಇಟ್ಟು ನೋಡಿ. ಎಲ್ಲಿಟ್ಟರೂ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಥಟ್ಟನೆ ಟ್ರಿಪ್ ಆಗಬೇಕು, ಆಗದಿದ್ದರೆ ಆ ಜಾಗದ ಫೀಡರ್ ಸಾಲದು. ಸತ್ತ ಲೈನಿನ ಮೇಲೂ ಅದೇ ನಾಣ್ಯ ಇಡಿ. ಅಲ್ಲಿ ಏನೂ ಆಗಬಾರದು.