ಹತ್ತೊಂಬತ್ತು ಚೀಟಿಗಳು

2024ರ ಡಿಸೆಂಬರಿನ ಒಂದು ಶನಿವಾರ ನಾವು ನಾಲ್ವರು ಹಳೆಯ ಗೆಳೆಯರು ಜಯನಗರದ ನನ್ನ ಮನೆಯಲ್ಲಿ ಊಟದ ಮೇಜಿನ ಸುತ್ತ ಕುಳಿತು, 17 ವರ್ಷಗಳ ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು, ಅಂದರೆ ಒಬ್ಬ ಕಥೆ ನಡೆಸಿ ಉಳಿದವರು ಒಂದೊಂದು ಪಾತ್ರವಾಗಿ ಸಾಹಸಕ್ಕಿಳಿಯುವ ಆಟವನ್ನು, ಮುಂದುವರಿಸಿದೆವು. ಒಬ್ಬ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ, ಇನ್ನೊಬ್ಬ ಶಿವಮೊಗ್ಗದ ಬಳಿ ಅಡಿಕೆ ತೋಟ ನೋಡಿಕೊಳ್ಳುತ್ತಾನೆ, ಮೂರನೆಯವನು ನ್ಯೂಜೆರ್ಸಿಯಿಂದ ರಜೆಗೆ ಬಂದಿದ್ದ. ಅವನ ಜೊತೆಗೆ 14 ವರ್ಷದ ಮಗಳೂ ಇದ್ದಳು. ಆಟ ಮತ್ತೆ ಶುರುವಾದದ್ದಕ್ಕೆ ಅವಳೇ ಕಾರಣ. ಅಲ್ಲಿನ ಶಾಲೆಯಲ್ಲಿ ಗೆಳತಿಯರೊಂದಿಗೆ ಇದೇ ಆಟ ಆಡುವ ಹುಡುಗಿಗೆ, ತನ್ನ ಅಪ್ಪ ಒಂದು ಕಾಲದಲ್ಲಿ ಗಿಡ್ಡ ಗಡ್ಡದ ಕುಬ್ಜ ಯೋಧನಾಗಿದ್ದನೆಂಬ ಸಂಗತಿ ಬಹಳ ತಡವಾಗಿ ತಿಳಿದಿತ್ತು.

ಮೈಸೂರಿನ ಹಾಸ್ಟೆಲಿನಲ್ಲಿ ನಾವು ಆಡಲು ತೊಡಗಿದ್ದು 2004ರಲ್ಲಿ. ಆಗ ಚಾಲ್ತಿಯಲ್ಲಿದ್ದುದು ಅದರ ಹಿಂದಿನ ವರ್ಷ ಬಂದ ಮೂರೂವರೆ (3.5) ಆವೃತ್ತಿಯ ನಿಯಮಗಳು. ಪುಸ್ತಕ ಕೊಳ್ಳುವ ಮಾತೇ ಇರಲಿಲ್ಲ. ಆದರೆ ಪ್ರಕಾಶಕರು 2000ದಿಂದಲೇ ಮೂಲ ನಿಯಮಗಳನ್ನು ಮುಕ್ತ ಪರವಾನಗಿಯಡಿ ಉಚಿತವಾಗಿ ಕೊಡುತ್ತಿದ್ದರಿಂದ, ಸೈಬರ್ ಕೆಫೆಯಲ್ಲಿ ಕುಳಿತು ಬೇಕಾದಷ್ಟು ಪುಟಗಳನ್ನು ಪ್ರಿಂಟ್ ತೆಗೆಸಿ, ರೆಕಾರ್ಡ್ ಬುಕ್ಕಿನ ದಾರದಲ್ಲಿ ಹೊಲಿದುಕೊಂಡಿದ್ದೆವು. ಆ ಉಚಿತ ಪಠ್ಯದಲ್ಲಿ ಒಂದು ಕೊರತೆಯಿತ್ತು. ಪಾತ್ರಗಳು ಅನುಭವ ಗಳಿಸಿ ಮುಂದಿನ ಲೆವೆಲ್‌ಗೆ ಏರುವುದು ಹೇಗೆ ಎಂಬುದನ್ನು ಅದರಿಂದ ಕೈಬಿಟ್ಟಿದ್ದರು. ಹಾಗಾಗಿ ಪ್ರತಿ ಇಂಟರ್ನಲ್ಸ್ ಮುಗಿದ ಮೇಲೆ ಎಲ್ಲರಿಗೂ ಒಂದು ಲೆವೆಲ್ ಎಂದು ನಾವೇ ತೀರ್ಮಾನಿಸಿಕೊಂಡೆವು. ಪರೀಕ್ಷೆಯಲ್ಲಿ ಬಿದ್ದವನ ಪಾತ್ರವೂ ಏರುತ್ತಿತ್ತು, ಅಷ್ಟು ಉದಾರಿಗಳಾಗಿದ್ದೆವು.

ದಾಳದ ಕಥೆ ಬೇರೆ. ಈ ಆಟದಲ್ಲಿ ಕತ್ತಿ ಬೀಸಿದರೂ, ಬೀಗ ತೆಗೆದರೂ, ವಿಷ ಕುಡಿದು ಬದುಕಬೇಕೆಂದರೂ 20 ಮುಖದ ದಾಳವೊಂದನ್ನು ಎಸೆಯಲೇಬೇಕು. ಆರು ಮುಖದ್ದು ಹಾವು ಏಣಿಯ ಪೆಟ್ಟಿಗೆಯಲ್ಲಿ ಸಿಕ್ಕಿತು. 20 ಮುಖದ್ದನ್ನು ನಮ್ಮೂರಿನ ಯಾವ ಅಂಗಡಿಯವನೂ ಕಂಡಿರಲಿಲ್ಲ. ಆಗ ನಮ್ಮ ಡಿ.ಎಂ., ಅಂದರೆ ಕಥೆ ನಡೆಸುವವನು, ಯಾರದೋ ಮದುವೆಯ ಕರೆಯೋಲೆಯನ್ನು ಸಮನಾಗಿ ಕತ್ತರಿಸಿ, 1ರಿಂದ 20ರವರೆಗೆ ಬರೆದು, ಖಾಲಿ ಕಾಫಿಪುಡಿ ಡಬ್ಬದಲ್ಲಿ ಹಾಕಿದ. ಎತ್ತಬೇಕು, ಓದಬೇಕು, ಮರಳಿ ಹಾಕಿ ಕುಲುಕಬೇಕು. ಮೊದಲ ವಾರ ಎಲ್ಲರಿಗೂ ಅನುಮಾನ ಬರುವಷ್ಟು ಸಲ 20 ಬರುತ್ತಿತ್ತು. ಆ ಚೀಟಿಯ ಹಿಂಬದಿಯಲ್ಲಿ ಗಣಪತಿಯ ಸೊಂಡಿಲಿನ ಚಿನ್ನದ ಉಬ್ಬಚ್ಚು ಉಳಿದಿದ್ದುದರಿಂದ, ಕೈ ಹಾಕಿದವರ ಬೆರಳು ಸೊಂಡಿಲನ್ನೇ ಹುಡುಕುತ್ತಿತ್ತು. ಡಿ.ಎಂ. ಅದನ್ನು ಪತ್ತೆಹಚ್ಚಿ, 'ಸುಖಾಗಮನ ಬಯಸುವವರು' ಎಂಬ ಸಪಾಟಾದ ಭಾಗದಿಂದ ಬೇರೆ ಚೀಟಿ ಮಾಡಿದ ಮೇಲೆ ನಮ್ಮ ಪರಾಕ್ರಮ ಸಹಜ ಸ್ಥಿತಿಗೆ ಇಳಿಯಿತು. ದಾಳದ ಬದಲು ಚೀಟಿ ಎತ್ತುವುದು ನಮ್ಮದೇ ಆವಿಷ್ಕಾರವೆಂದು ಬಹಳ ವರ್ಷ ನಂಬಿದ್ದೆ. 1974ರಲ್ಲಿ ಹುಟ್ಟಿದ ಈ ಆಟದ ಕಂಪನಿಯೇ 1979ರ ಸುಮಾರಿಗೆ ದಾಳಗಳ ಅಭಾವವಾದಾಗ, ಕತ್ತರಿಸಿಕೊಂಡು ಲೋಟದಿಂದ ಎತ್ತುವ ರಟ್ಟಿನ ಅಂಕಿಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತ್ತು ಎಂದು ಆಮೇಲೆ ಓದಿ ತಿಳಿದೆ.

ಎರಡನೆಯ ಸೆಮಿಸ್ಟರಿನಲ್ಲಿ ಕಲ್ಲೇಶಿ ಸತ್ತ. ಕಲ್ಲೇಶಿ ಎಂದರೆ ಈಗ ನ್ಯೂಜೆರ್ಸಿಯಲ್ಲಿರುವವನ ಕುಬ್ಜ ಯೋಧ. ನೆಲಮಾಳಿಗೆಯೊಂದರಲ್ಲಿ ಹೆಣ ತಿನ್ನುವ ಘೂಲ್‌ಗಳು ಮುತ್ತಿಕೊಂಡವು. ಅವುಗಳ ಉಗುರು ತಾಗಿದರೆ ಮೈ ಮರಗಟ್ಟುತ್ತದೆ. ಪಾರಾಗಲು ಚೀಟಿಯ ಅಂಕಿ ಮತ್ತು ಮೈಕಸುವು ಸೇರಿ 12 ಆಗಬೇಕು. ಕಲ್ಲೇಶಿಗೆ ಕೂಡಿಸಿಕೊಳ್ಳಲು 6 ಇತ್ತು, ಅಂದರೆ ಬರೀ 6 ಬಂದಿದ್ದರೂ ಸಾಕಿತ್ತು. 1 ಬಂತು. ಅವನು ಕಂಬದಂತೆ ನಿಂತ, ಅವು ತಿಂದುಮುಗಿಸಿದವು. ಮಾಂತ್ರಿಕನಾಗಿದ್ದ ನನ್ನ ಬಳಿ ಒಂದು ಮಂತ್ರ ಉಳಿದಿತ್ತು. ಆ ಆವೃತ್ತಿಯಲ್ಲಿ ಎಳೆಯ ಮಾಂತ್ರಿಕನಿಗೆ ದಿನಕ್ಕೆ ಬೆರಳೆಣಿಕೆಯಷ್ಟು ಮಂತ್ರಗಳಿಗಿಂತ ಹೆಚ್ಚು ದಕ್ಕುತ್ತಿರಲಿಲ್ಲ, ಅವು ಖರ್ಚಾದರೆ ಅಡ್ಡಬಿಲ್ಲು ಹಿಡಿದು ಮೂಲೆಯಲ್ಲಿ ನಿಲ್ಲಬೇಕು. ಮುಂದಿನ ಕೋಣೆಯಲ್ಲಿ ಇನ್ನೂ ದೊಡ್ಡದೇನೋ ಇದ್ದೀತೆಂದು ನಾನು ಅದನ್ನು ಉಳಿಸಿಕೊಂಡೆ. ಮುಂದಿನ ಕೋಣೆ ಖಾಲಿಯಿತ್ತು. ಕಲ್ಲೇಶಿಯ ಒಡೆಯ ಹದಿನೈದು ದಿನ ನನ್ನೊಂದಿಗೆ ಮೆಸ್ಸಿನಲ್ಲಿ ಕೂರಲಿಲ್ಲ.

ಈಗ ಮೇಜಿನ ಮೇಲಿದ್ದುದು ಹುಡುಗಿಯ ಐದನೆಯ ಆವೃತ್ತಿ. ಪಕ್ಕದಲ್ಲಿ ಬಣ್ಣದ ಗಾಜಿನಂತೆ ಹೊಳೆಯುವ ಅವಳ ದಾಳಗಳು. ನಿಯಮಗಳನ್ನು ಅವಳೇ ಕಲಿಸಿದಳು, ಮತ್ತು ಹೇಳಲೇಬೇಕು, ನಾವು ಕಲಿತಾಗಿನದಕ್ಕಿಂತ ಚೆನ್ನಾಗಿ ಕಲಿಸಿದಳು. ಹಿಂದೆ ಕತ್ತಲೆಗೆ ಇಷ್ಟು ಕಳೆ, ಎತ್ತರಕ್ಕೆ ಇಷ್ಟು ಕೂಡು ಎಂದು ಲೆಕ್ಕ ಹಾಕುವುದರಲ್ಲೇ ರಾತ್ರಿ ಕಳೆಯುತ್ತಿತ್ತು. ಈಗ ಸನ್ನಿವೇಶ ಅನುಕೂಲವಾಗಿದ್ದರೆ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಂಡರಾಯಿತು. ಮಾಂತ್ರಿಕ ಬೆಂಕಿಯ ಕಿಡಿಯನ್ನು ಎಷ್ಟು ಸಲವಾದರೂ ಎಸೆಯಬಹುದಂತೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

2007ರಲ್ಲಿ ನಿಲ್ಲಿಸಿದ ಬಾಗಿಲ ಮುಂದೆಯೇ ಡಿ.ಎಂ. ನಮ್ಮನ್ನು ನಿಲ್ಲಿಸಿದ. ಆಗ ನಾವು ಬಾಗಿಲೆಂದರೆ ಒದೆಯುವವರು. ಈ ಸಲ ಬಾಗಿಲು ಕಾಯುವ ಪ್ರೇತದೊಂದಿಗೆ ಒಂದೂಕಾಲು ಗಂಟೆ ಮಾತಾಡಿದೆವು. ಕಳ್ಳನ ಪಾತ್ರದ ತೋಟಗಾರ ಮಂಡಿಯಲ್ಲಿ ಅಡಿಕೆಗೆ ದರ ಕುದುರಿಸುವಂತೆ ಎದ್ದುಹೋಗುವ ನಾಟಕವಾಡಿ, ಬಂದು ಕುಳಿತು, ಕೊನೆಗೆ ಪ್ರೇತದಿಂದಲೇ ಬಾಗಿಲು ತೆಗೆಸಿದ. ಅಷ್ಟರಲ್ಲಿ ನನ್ನ ಹೆಂಡತಿ ಎರಡನೆಯ ಸುತ್ತು ಕಾಫಿ ತಂದಿಟ್ಟು, ಇನ್ನೂ ಬಾಗಿಲಲ್ಲೇ ಇದ್ದೀರಾ ಎಂದು ಕೇಳಿ ಹೋದಳು.

ಒಳಗೆ ಘೂಲ್‌ಗಳಿದ್ದವು. ಡಿ.ಎಂ. ಬೇಕೆಂದೇ ಇಟ್ಟಿದ್ದ. ನ್ಯೂಜೆರ್ಸಿಯವನ ಹೊಸ ಪಾತ್ರ ಕಲ್ಲೇಶಿಯ ತಮ್ಮ ಮಲ್ಲೇಶಿ, ಅವನೂ ಕುಬ್ಜ ಯೋಧನೇ. ಉಗುರು ತಾಗಿತು. ಮಗಳು ದಾಳ ಮುಂದೆ ನೂಕಿದಳು. ಅವನು, "ಅದು ಬೇಡ, ಡಬ್ಬ ತಾ" ಎಂದ. ಡಿ.ಎಂ. ಆ ಡಬ್ಬವನ್ನು ಹುಬ್ಬಳ್ಳಿಯಿಂದ ತಂದಿದ್ದ. ಮುಚ್ಚಳ ತೆಗೆದಾಗ ಚಿಕೋರಿಯ ವಾಸನೆ ಇನ್ನೂ ಸಣ್ಣಗೆ ಬಂತು. ಹುಡುಗಿಗೆ ನಂಬಿಕೆ ಬರಲಿಲ್ಲ. ಚೀಟಿಗಳನ್ನು ಮೇಜಿನ ಮೇಲೆ ಸುರಿದು ಸಾಲಾಗಿ ಜೋಡಿಸಿದಳು. ಹತ್ತೊಂಬತ್ತು ಇದ್ದವು. 1 ಇರಲಿಲ್ಲ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳ ಅಪ್ಪ ಮೀಸೆಯಡಿ ನಗುತ್ತ, ಕಲ್ಲೇಶಿ ಸತ್ತ ರಾತ್ರಿಯೇ ಅದನ್ನು ಕದ್ದು ಬಚ್ಚಲ ಹಂಡೆಯ ಒಲೆಗೆ ಹಾಕಿದೆನೆಂದು ಒಪ್ಪಿಕೊಂಡ. ಅಂದರೆ ಆಮೇಲಿನ ಎರಡು ವರ್ಷಕ್ಕೂ ಹೆಚ್ಚು ಕಾಲ ನಮ್ಮಲ್ಲಿ ಯಾರಿಗೂ 1 ಬಂದೇ ಇರಲಿಲ್ಲ, ಮತ್ತು ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಸರಾಸರಿ ಹತ್ತೂವರೆಯಿಂದ ಹನ್ನೊಂದಕ್ಕೆ ಏರುತ್ತದೆ ಎಂದು ಹುಡುಗಿ ಕ್ಷಣದಲ್ಲಿ ಲೆಕ್ಕ ಹೇಳಿದಳು.

"ನನಗೆ ಗೊತ್ತಿತ್ತು" ಎಂದ ಡಿ.ಎಂ. "ಮಾರನೆಯ ದಿನವೇ ಎಣಿಸಿದ್ದೆ. ರಾಕ್ಷಸರಿಗೂ ಅದೇ ಡಬ್ಬದಿಂದಲೇ ಎತ್ತುತ್ತಿದ್ದೆನಲ್ಲ, ಅದಕ್ಕೆ ಸುಮ್ಮನಿದ್ದೆ."

ಹುಡುಗಿ ಇದನ್ನು ಒಪ್ಪಲಿಲ್ಲ. ಮೈಸೂರುಪಾಕಿನ ಪೆಟ್ಟಿಗೆಯಿಂದ ಒಂದು ತುಂಡು ಕತ್ತರಿಸಿ, 1 ಎಂದು ದಪ್ಪಗೆ ಬರೆದು, ಉಳಿದವುಗಳೊಂದಿಗೆ ಡಬ್ಬಕ್ಕೆ ಹಾಕಿ ಕುಲುಕಿ ಅಪ್ಪನ ಮುಂದೆ ಹಿಡಿದಳು. ಆ ರಟ್ಟು ಮಿಕ್ಕ ಚೀಟಿಗಳಿಗಿಂತ ಮಂದವಾಗಿತ್ತು. ಅವನ ಬೆರಳುಗಳು ಒಳಗೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಆಡಿದವು. ಡಿ.ಎಂ. ನೋಡಿದ, ನಾನೂ ನೋಡಿದೆ, ಇಬ್ಬರೂ ಮಾತಾಡಲಿಲ್ಲ. 7 ಬಂತು. ಮಲ್ಲೇಶಿಗೆ ಕೂಡಿಸಿಕೊಳ್ಳಲು 5 ಇತ್ತು, ಹೊಸ ನಿಯಮದಲ್ಲಿ 10 ಆದರೆ ಸಾಕು. ಮುಂದಿನ ಸರದಿ ನನ್ನದು. ಇದ್ದ ಮಂತ್ರಗಳಲ್ಲಿ ದೊಡ್ಡದನ್ನು ಅಲ್ಲೇ ಖರ್ಚು ಮಾಡಿಬಿಟ್ಟೆ.